72 ಗಂಟೆಗಳು: ಲಕ್ವ ಪೀಡಿತರ ಭವಿಷ್ಯ ನುಡಿದ ವೈದ್ಯರ ಚರಿತ್ರೆ

ಮನೆಯ ಹಿರಿಯರೊಬ್ಬರು ಹಠಾತ್ತನೆ ಕುಸಿದು, ಬಾಯಿ ಓರೆಯಾಗಿ, ಒಂದು ಬದಿಯ ಕೈಕಾಲು ಸ್ವಾಧೀನ ತಪ್ಪಿದಾಗ ಕನ್ನಡ ನಾಡಿನಲ್ಲಿ ಮೊದಲು ಕೇಳಿಬರುವ ಪದ 'ಲಕ್ವ'. ಹಿಂದೂ, ಮುಸ್ಲಿಮ್, ಕ್ರೈಸ್ತರೆನ್ನದೆ ಎಲ್ಲರೂ ಬಳಸುವ ಈ ಪದ ಅರಬಿಯದು. ಪಾರ್ಸಿ, ಉರ್ದುಗಳ ದಾರಿಯಾಗಿ ಅದು ನಮ್ಮ ನುಡಿಗೆ ಬಂದು ಸೇರಿದೆ. ಆದರೆ ದಾರಿಯಲ್ಲಿ ಅದರ ಅರ್ಥ ಹಿಗ್ಗಿದೆ. ಅರಬಿ ವೈದ್ಯ ಗ್ರಂಥಗಳಲ್ಲಿ 'ಲಕ್ವಾ' ಎಂದರೆ ಮುಖ ಸೊಟ್ಟಗಾಗುವ ರೋಗ ಮಾತ್ರ. ದೇಹದ ಒಂದು ಪಾರ್ಶ್ವ ಬಿದ್ದುಹೋದರೆ ಅದು 'ಫಾಲಿಜ್'. ಮನುಷ್ಯ ಪ್ರಜ್ಞೆಯನ್ನೂ ಚಲನೆಯನ್ನೂ ಒಮ್ಮೆಲೇ ಕಳೆದುಕೊಂಡು ನಿಶ್ಚಲನಾದರೆ ಅದು 'ಸಕ್ತಾ'. ನಾವು ಈ ಮೂರನ್ನೂ ಒಂದೇ ಪದದಲ್ಲಿ ತುಂಬಿಸಿಕೊಂಡೆವು. ಆ ವೈದ್ಯರು ಮೂರನ್ನೂ ಪ್ರತ್ಯೇಕವಾಗಿ ಇರಿಸಿದ್ದಕ್ಕೆ ಕಾರಣವಿತ್ತು. ರೋಗಿಯ ಮನೆಯವರು ಅಂದೂ ಇಂದೂ ಕೇಳುವುದು ಒಂದೇ ಪ್ರಶ್ನೆಯನ್ನು: ಇವರು ಉಳಿಯುತ್ತಾರೆಯೇ, ಮತ್ತೆ ಎದ್ದು ನಡೆಯುತ್ತಾರೆಯೇ? ಈ ಮೂರು ರೋಗಗಳಿಗೆ ಈ ಪ್ರಶ್ನೆಯ ಉತ್ತರ ಮೂರು ಬಗೆಯದು.

ಬಸ್ರಾದ ಮಹಾನ್ ಗದ್ಯ ಲೇಖಕ ಅಲ್‌ಜಾಹಿಝ್ ತಮ್ಮ ಕೊನೆಯ ವರ್ಷಗಳನ್ನು ಫಾಲಿಜ್ ಪೀಡಿತರಾಗಿಯೇ ಕಳೆದರು. ಅವರು ತೀರಿಕೊಂಡದ್ದು ಹಿಜರಿ 255ರಲ್ಲಿ. ಒಂದು ಪಾರ್ಶ್ವವನ್ನು ಕತ್ತರಿಸಿದರೂ ತಿಳಿಯದು, ಇನ್ನೊಂದು ಪಾರ್ಶ್ವ ನೊಣ ಕುಳಿತರೂ ಸಹಿಸದು ಎಂದು ಅವರು ಭೇಟಿಗೆ ಬಂದವರಲ್ಲಿ ಹೇಳಿಕೊಂಡರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಲಕ್ವದೊಡನೆ ವರ್ಷಗಟ್ಟಲೆ ಬದುಕಿದವರ ಸಂಕಟವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಬೇರೊಂದು ಉಲ್ಲೇಖವನ್ನು ನಾನು ಕಂಡಿಲ್ಲ.

ಅದೇ ಶತಮಾನದಲ್ಲಿ ಬಗ್ದಾದಿನಲ್ಲಿ ಹುನೈನ್ ಇಬ್ನು ಇಸ್‌ಹಾಕ್ ಗ್ರೀಕ್ ವೈದ್ಯ ಗ್ರಂಥಗಳನ್ನು ಅರಬಿಗೆ ತರುತ್ತಿದ್ದರು. ಹಿಪೊಕ್ರೆಟಿಸ್‌ನ ಸೂತ್ರಗಳು ಅವುಗಳಲ್ಲಿ ಒಂದು. ಪ್ರಬಲವಾದ ಸಕ್ತಾ ಗುಣವಾಗುವುದು ಅಸಾಧ್ಯ, ದುರ್ಬಲವಾದುದೂ ಸುಲಭವಲ್ಲ ಎಂಬುದು ಅಲ್ಲಿನ ತೀರ್ಪು. ಪ್ರಬಲ ಯಾವುದು, ದುರ್ಬಲ ಯಾವುದು ಎಂದು ಅಳೆಯಲು ಗೆಲೆನ್ ಉಸಿರಾಟವನ್ನು ನೋಡಬೇಕೆಂದ. ಉಸಿರು ಎಷ್ಟು ಕಷ್ಟದ್ದೋ, ಎಷ್ಟು ಕ್ರಮ ತಪ್ಪಿದ್ದೋ ಅಷ್ಟು ಅಪಾಯ. ಪ್ರಾಚೀನ ವೈದ್ಯನಿಗೆ ಭವಿಷ್ಯ ನುಡಿಯುವುದು ಪ್ರತಿಷ್ಠೆಯ ಪ್ರಶ್ನೆಯೂ ಆಗಿತ್ತೆಂಬುದನ್ನು ಇಲ್ಲಿ ಮರೆಯಬಾರದು. ಸಾಯುವವನು ಯಾರೆಂದು ಮೊದಲೇ ಹೇಳಿಬಿಟ್ಟರೆ ಸಾವಿನ ಹೊಣೆ ವೈದ್ಯನ ತಲೆಗೆ ಬರುವುದಿಲ್ಲ.

ಅಬೂಬಕರ್ ಮುಹಮ್ಮದ್ ಇಬ್ನು ಝಕರಿಯ್ಯಾ ಅರ್ರಾಝಿಯವರು (865–925) ಈ ಪರಂಪರೆಯನ್ನು ಪಡೆದುಕೊಂಡರು, ಆದರೆ ಅದನ್ನು ಕಣ್ಣುಮುಚ್ಚಿ ಒಪ್ಪಲಿಲ್ಲ. ಅವರ 'ಅಲ್‌ಹಾವಿ' ಗ್ರಂಥದಲ್ಲಿ ಮುಖದ ಪಾರ್ಶ್ವವಾಯುವಿನ ವಿವರಣೆ ಅಚ್ಚರಿ ಹುಟ್ಟಿಸುವಷ್ಟು ಸೂಕ್ಷ್ಮವಾಗಿದೆ. ಹಣೆಯ ಸುಕ್ಕುಗಳು ಅಳಿಸಿಹೋಗುವುದನ್ನು ಮೊದಲು ಗುರುತಿಸಿ ಬರೆದವರು ಅವರೇ ಎಂದು ಇಂದಿನ ನರರೋಗ ಚರಿತ್ರೆಕಾರರು ಒಪ್ಪುತ್ತಾರೆ. ತೊಂದರೆ ಮಿದುಳಿನಲ್ಲಿದೆಯೇ, ಮುಖದ ನರದಲ್ಲಿದೆಯೇ ಎಂಬ ಭೇದವನ್ನೂ ಅವರು ಕಂಡಿದ್ದರು. ಇಂದಿಗೂ ತುರ್ತು ವಿಭಾಗದ ವೈದ್ಯರು ಬಾಯಿ ಓರೆಯಾದ ರೋಗಿಗೆ ಮೊದಲು ಹೇಳುವುದು, "ಹುಬ್ಬು ಮೇಲೆತ್ತಿ ನೋಡೋಣ" ಎಂದು. ಹಣೆಯೂ ಸೇರಿ ಮುಖದ ಇಡೀ ಒಂದು ಬದಿ ಸೋತಿದ್ದು ಕೈಕಾಲು, ಮಾತು ಎಲ್ಲವೂ ಸರಿಯಿದ್ದರೆ ಅದು ಸಾಮಾನ್ಯವಾಗಿ ನರದ ತೊಂದರೆ. ಹೆಚ್ಚಿನವರು ವಾರಗಳಲ್ಲಿ, ತಿಂಗಳುಗಳಲ್ಲಿ ಗುಣಮುಖರಾಗುತ್ತಾರೆ. ಹಣೆ ಸರಿಯಿದ್ದು ಬಾಯಿ ಮಾತ್ರ ಜೋತು, ಜೊತೆಗೆ ಕೈ ಸೋತಿದ್ದರೆ ಅದು ಮಿದುಳಿನ ಆಘಾತ. ಹಾಗೆಂದು ಈ ಪರೀಕ್ಷೆಯನ್ನು ಮನೆಯಲ್ಲೇ ಮಾಡಿ ಸಮಾಧಾನಪಡುವುದು ಸಲ್ಲದು. ಬಾಯಿ ಓರೆಯಾಯಿತೆಂದರೆ ಆಸ್ಪತ್ರೆಗೆ ಹೋಗಲೇಬೇಕು. ಪಾರಿವಾಳದ ರಕ್ತ ಹಚ್ಚಿದ್ದರಿಂದ ಲಕ್ವ ಗುಣವಾಯಿತೆಂದು ಹೇಳುವವರ ಅನುಭವ ಸುಳ್ಳಾಗಿರಬೇಕೆಂದಿಲ್ಲ. ಬಹುಪಾಲು ಅದು ತಾನಾಗಿಯೇ ಗುಣವಾಗುವ ಮೊದಲನೆಯ ಬಗೆಯ ರೋಗವಾಗಿತ್ತು ಅಷ್ಟೆ. ನಜಸಾದ ರಕ್ತವನ್ನು ಹಿರಿಯರ ಮೈಗೆ ಹಚ್ಚುವುದು ನಮಗೆ ಹೇಗೆ ಸಹ್ಯವಾಯಿತು ಎಂಬುದು ಬೇರೆಯೇ ಪ್ರಶ್ನೆ.

ಅರ್ರಾಝಿಯವರ ಇನ್ನೊಂದು ಟಿಪ್ಪಣಿಯನ್ನು ಇಲ್ಲಿ ಹೇಳಲೇಬೇಕು. 'ಸಿರ್‌ಸಾಮ್' ಎಂಬ ಮಿದುಳಿನ ಉರಿಯೂತದ ರೋಗಿಗಳಲ್ಲಿ ಒಂದು ಗುಂಪಿಗೆ ರಕ್ತ ತೆಗೆದು, ಇನ್ನೊಂದು ಗುಂಪಿಗೆ ಉದ್ದೇಶಪೂರ್ವಕವಾಗಿ ತೆಗೆಯದೆ, ಫಲಿತಾಂಶವನ್ನು ಹೋಲಿಸಿ ನೋಡಿದುದಾಗಿ ಅವರು ಬರೆದಿದ್ದಾರೆ. ರಕ್ತ ತೆಗೆಯುವುದು ಒಳ್ಳೆಯದೆಂಬ ಅವರ ತೀರ್ಮಾನ ಇಂದು ನಿಲ್ಲುವುದಿಲ್ಲ. ನಿಲ್ಲುವುದು ಅವರ ವಿಧಾನ. ಈಗ ಹಿರಿಯರಿಗೆ ಲಕ್ವವಾದ ಮೊದಲ ಗಂಟೆಗಳಲ್ಲೇ ಹಿಜಾಮ ಮಾಡಿಸಲು ಓಡುವವರು ಅರ್ರಾಝಿಯವರ ಹೆಸರನ್ನು ಹೇಳುವುದುಂಟು. ಅವರು ಸಕ್ತಾದ ವಿಷಯದಲ್ಲಿ ಅಂತಹ ಪರೀಕ್ಷೆ ನಡೆಸಿರಲಿಲ್ಲ. ಆ ಓಟದಲ್ಲಿ ಕಳೆದುಹೋಗುವ ಗಂಟೆಗಳಿಗೆ ಈಗ ಎಷ್ಟು ಬೆಲೆಯೆಂಬುದನ್ನು ಮುಂದೆ ನೋಡೋಣ.

ಇಬ್ನು ಸೀನಾರವರು (980–1037) 'ಅಲ್‌ಕಾನೂನ್ ಫಿತ್ತಿಬ್ಬ್'ನ ಮೂರನೆಯ ಸಂಪುಟದಲ್ಲಿ ರೋಗಗಳನ್ನು ತಲೆಯಿಂದ ಕಾಲಿನವರೆಗೆ ಕ್ರಮವಾಗಿ ವಿವರಿಸುತ್ತಾರೆ. ಅವರ ಪ್ರಕಾರ ಸಕ್ತಾಕ್ಕೆ ಕಾರಣ ಮಿದುಳಿನ ಒಳಗಿನ ಮಾರ್ಗಗಳು ಮುಚ್ಚಿಹೋಗುವುದು. ಅವರ ಮನಸ್ಸಿನಲ್ಲಿದ್ದುದು ಇಂದು ನಾವು ಹೇಳುವ ರಕ್ತನಾಳಗಳಲ್ಲ. ಆದರೂ 'ತಡೆ' ಎಂಬ ಕಲ್ಪನೆ ಅಲ್ಲಿದೆ. ಸಕ್ತಾ ಕೊಲ್ಲದಿದ್ದರೆ ಬಹುತೇಕ ಫಾಲಿಜ್‌ನಲ್ಲಿ ಕೊನೆಗೊಳ್ಳುತ್ತದೆ ಎಂದು ಅವರು ಬರೆಯುತ್ತಾರೆ. ಉಳಿದವನ ಮುಂದಿನ ಬದುಕು ಹೇಗಿರುತ್ತದೆ ಎಂಬುದಕ್ಕೆ ಅವರು ಕೊಟ್ಟ ನೇರ ಉತ್ತರವಿದು.

ಅದೇ ಅಧ್ಯಾಯದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಭಾಗವೊಂದಿದೆ. ತೀವ್ರವಾದ ಸಕ್ತಾದಲ್ಲಿ ರೋಗಿಗೂ ಶವಕ್ಕೂ ವ್ಯತ್ಯಾಸ ತಿಳಿಯದ ಸ್ಥಿತಿ ಬರಬಹುದು. ಉಸಿರು ಕಾಣದು, ನಾಡಿ ಸಿಗದು. ಆದರೂ ಅಂಥವರು ಬದುಕಿದ್ದಿದೆ, ಹಾಗೆ ಬದುಕಿದ ಹಲವರನ್ನು ತಾವು ಕಂಡಿದ್ದೇವೆ ಎನ್ನುತ್ತಾರೆ ಇಬ್ನು ಸೀನಾ. ಆದ್ದರಿಂದ ಸಂದೇಹವಿರುವವರ ದಫನವನ್ನು ಸ್ಥಿತಿ ಸ್ಪಷ್ಟವಾಗುವ ತನಕ ಮುಂದೂಡಬೇಕು, ಕನಿಷ್ಠ 72 ಗಂಟೆಗಳ ಕಾಲ ಎಂಬುದು ಅವರ ಸೂಚನೆ. ನಮ್ಮ ಫಿಕ್‌ಹ್ ಗ್ರಂಥಗಳಲ್ಲಿಯೂ ಇದಕ್ಕೆ ಹತ್ತಿರವಾದ ಮಾತಿದೆ. ಜನಾಝವನ್ನು ತಡಮಾಡದೆ ದಫನ ಮಾಡುವುದು ಸುನ್ನತ್ ಎಂಬುದು ಎಲ್ಲರಿಗೂ ತಿಳಿದದ್ದು. ಆದರೆ ಹಠಾತ್ ಮರಣದಲ್ಲಿ ಸಂಶಯವಿದ್ದರೆ ಮರಣ ಖಚಿತವಾಗುವವರೆಗೆ ಕಾಯಬೇಕೆಂದು, ಕರ್ನಾಟಕದ ಕರಾವಳಿಯ ಮುಸ್ಲಿಮರು ಅನುಸರಿಸುವ ಶಾಫಿಈ ಮದ್‌ಹಬಿನ ವಿದ್ವಾಂಸರೂ ಹೇಳಿದ್ದಾರೆ. ಆಯುಸ್ಸಿನ ಗಡಿ ಅಲ್ಲಾಹನ ಜ್ಞಾನದಲ್ಲಿದೆ ಎಂದು ನಂಬಿದ ಸಮಾಜ, ಆ ಗಡಿ ಬಂದೇಬಿಟ್ಟಿತೆಂದು ಘೋಷಿಸಲು ಹಿಂಜರಿಯಿತು.

ಇನ್ನು ಹಲವು ಶತಮಾನಗಳನ್ನು ಬೇಗನೆ ದಾಟಬಹುದು. ಸ್ವಿಟ್ಸರ್‌ಲೆಂಡಿನ ಯೋಹಾನ್ ಯಾಕೋಬ್ ವೆಪ್‌ಫರ್ 1658ರಲ್ಲಿ ಪ್ರಕಟಿಸಿದ ಶವಪರೀಕ್ಷೆಯ ಅಧ್ಯಯನ, ಮಿದುಳಿನೊಳಗಿನ ರಕ್ತಸ್ರಾವವೂ ರಕ್ತನಾಳಗಳ ತಡೆಯೂ ಈ ರೋಗಕ್ಕೆ ಕಾರಣವೆಂದು ತೋರಿಸಿತು. ಕಾರಣ ತಿಳಿದರೂ ರೋಗಿಗೆ ಲಾಭವಾಗಲಿಲ್ಲ. ಆ ಬಳಿಕವೂ ತಲೆತಲಾಂತರ ವೈದ್ಯರು ರಕ್ತ ತೆಗೆದರು, ಭೇದಿಗೆ ಕೊಟ್ಟರು, ಕಾದರು.

1957ರಲ್ಲಿ ಗ್ಲಾಸ್ಗೋದ ವೈದ್ಯ ಜಾನ್ ರ‍್ಯಾಂಕಿನ್ ಒಂದು ಸರಳ ಮಾಪನವನ್ನು ಪ್ರಕಟಿಸಿದರು. ಲಕ್ವದ ನಂತರ ಮನುಷ್ಯ ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲನೇ, ಆಸರೆಯಿಲ್ಲದೆ ನಡೆಯಬಲ್ಲನೇ, ಸದಾ ಹಾಸಿಗೆಯಲ್ಲೇ ಇರಬೇಕೇ ಎಂದು ಶ್ರೇಣಿ ಕೊಡುವ ಕ್ರಮವದು. ಈಗ ಅದು 0ಯಿಂದ 6ರವರೆಗೆ ಇದೆ. 0 ಎಂದರೆ ಯಾವ ಲಕ್ಷಣವೂ ಉಳಿದಿಲ್ಲ, 6 ಎಂದರೆ ಮರಣ. ಇದು ತೀರ ಸಾಮಾನ್ಯವೆಂದು ತೋರಬಹುದು. ಆದರೆ 'ಬದುಕಿದ' ಮತ್ತು 'ಸತ್ತ' ಎಂಬೆರಡರ ನಡುವೆ ಅಲ್‌ಜಾಹಿಝ್ ಅನುಭವಿಸಿದ ದೀರ್ಘವಾದ ಪ್ರದೇಶವೊಂದಿದೆಯಲ್ಲ, ಅದನ್ನು ಎಣಿಸಲು ಇದರಿಂದ ಸಾಧ್ಯವಾಯಿತು. ಎಣಿಸಿದ ಮೇಲೆಯೇ ಸುಧಾರಿಸುವ ಮಾತು ಬಂದದ್ದು.

1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಸಿ.ಟಿ. ಸ್ಕ್ಯಾನ್ ನಡೆಯಿತು. ಒಳಗಿರುವುದು ರಕ್ತಸ್ರಾವವೋ ತಡೆಯೋ ಎಂದು ಜೀವಂತ ರೋಗಿಯಲ್ಲೇ ತಿಳಿಯುವಂತಾಯಿತು. 1995ರಲ್ಲಿ ಅಮೆರಿಕದ ಪ್ರಯೋಗವೊಂದು ಪ್ರಕಟವಾಯಿತು. ಆಘಾತವಾದ 3 ಗಂಟೆಯೊಳಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಕೊಟ್ಟರೆ ಏನಾಗುತ್ತದೆ ಎಂದು 624 ರೋಗಿಗಳಲ್ಲಿ ನೋಡಲಾಗಿತ್ತು. ಅದರ ಎರಡನೆಯ ಭಾಗದಲ್ಲಿ, ರ‍್ಯಾಂಕಿನ್ ಮಾಪನದ ಪ್ರಕಾರ ಮೂರು ತಿಂಗಳ ನಂತರ ಬಹುತೇಕ ಸ್ವತಂತ್ರರಾಗಿದ್ದವರು ಔಷಧಿ ಪಡೆದವರಲ್ಲಿ ಶೇ. 39, ಪಡೆಯದವರಲ್ಲಿ ಶೇ. 26. ಅಪಾಯವೂ ಇತ್ತು: ಔಷಧಿ ಪಡೆದವರಲ್ಲಿ ಶೇ. 6.4 ಮಂದಿಗೆ ಮಿದುಳಿನೊಳಗೆ ರಕ್ತಸ್ರಾವವಾಗಿ ಸ್ಥಿತಿ ಬಿಗಡಾಯಿಸಿತು. 2008ರಲ್ಲಿ ಯುರೋಪಿನ ಪ್ರಯೋಗ ಈ ಅವಧಿಯನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. 2015ರಲ್ಲಿ, ದೊಡ್ಡ ರಕ್ತನಾಳ ಮುಚ್ಚಿದವರಿಗೆ ತೊಡೆಸಂದಿಯ ನಾಳದ ಮೂಲಕ ತಂತಿ ಸಾಗಿಸಿ ಹೆಪ್ಪನ್ನು ಹೊರತೆಗೆಯುವ ವಿಧಾನ ಒಂದೇ ವರ್ಷ ಐದು ಪ್ರಯೋಗಗಳಲ್ಲಿ ಸಮರ್ಥನೆ ಪಡೆಯಿತು.

ಗಡಿಯಾರ ಎಲ್ಲಿಂದ ಶುರುವಾಗುತ್ತದೆ ಎಂಬುದು ನಮ್ಮ ಮನೆಗಳಲ್ಲಿ ತಿಳಿದಿರಬೇಕಾದ ಸಂಗತಿ. ಇಶಾ ನಮಾಝ್ ಮುಗಿಸಿ ಹತ್ತು ಗಂಟೆಗೆ ಆರೋಗ್ಯವಾಗಿಯೇ ಮಲಗಿದವರು ಫಜ್ರ್‌ಗೆ ಎಬ್ಬಿಸುವಾಗ ಮಾತು ತೊದಲುತ್ತಿದ್ದರೆ, ವೈದ್ಯರ ಲೆಕ್ಕ ರಾತ್ರಿ ಹತ್ತರಿಂದಲೇ ಆರಂಭವಾಗುತ್ತದೆ. ಕೊನೆಯ ಬಾರಿ ಸರಿಯಾಗಿದ್ದುದನ್ನು ಯಾರು, ಎಷ್ಟು ಹೊತ್ತಿಗೆ ಕಂಡರು ಎಂಬುದನ್ನು ನೆನಪಿಟ್ಟು ಹೇಳಬಲ್ಲ ಸೊಸೆಯೋ ಮೊಮ್ಮಗನೋ ಆ ಹೊತ್ತಿಗೆ ಬಹಳ ದೊಡ್ಡ ಉಪಕಾರ ಮಾಡುತ್ತಾರೆ. ಅದಕ್ಕಿಂತ ತಡವಾದರೂ ಹೋಗಬೇಕು. ಈಗಿನ ಸ್ಕ್ಯಾನ್‌ಗಳು ಉಳಿಸಬಹುದಾದ ಭಾಗ ಇನ್ನೂ ಇದೆಯೇ ಎಂದು ಕೆಲವರಲ್ಲಿ ತೋರಿಸಿಕೊಡುತ್ತವೆ.

ಆದರೆ ಎಲ್ಲವೂ ಔಷಧಿಯಿಂದ ಬಂದದ್ದಲ್ಲ. ಲಕ್ವ ರೋಗಿಗಳನ್ನು ಸಾಮಾನ್ಯ ವಾರ್ಡುಗಳಲ್ಲಿ ಚದುರಿಸದೆ, ತರಬೇತಾದ ದಾದಿಯರು ಮತ್ತು ವ್ಯಾಯಾಮ ಚಿಕಿತ್ಸಕರಿರುವ ಪ್ರತ್ಯೇಕ ಘಟಕದಲ್ಲಿ ಇರಿಸಿದರೆ ಸಾವು ಕಡಿಮೆಯಾಗುತ್ತದೆಂದು 1993ರಲ್ಲಿ 10 ಪ್ರಯೋಗಗಳನ್ನು ಒಟ್ಟುಗೂಡಿಸಿದ ಅಧ್ಯಯನ ತೋರಿಸಿತ್ತು. ಆಸ್ಟ್ರೇಲಿಯಾದ 19 ಘಟಕಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಾದಿಯರು ಮೂರು ಸಂಗತಿಗಳನ್ನು ಮಾತ್ರ ಕಟ್ಟುನಿಟ್ಟಾಗಿ ಗಮನಿಸಿದರು: ಜ್ವರ, ರಕ್ತದ ಸಕ್ಕರೆ ಮತ್ತು ನುಂಗುವ ಶಕ್ತಿ. 90 ದಿನಗಳ ನಂತರ ಮೃತಪಟ್ಟವರು ಅಥವಾ ಪರಾವಲಂಬಿಗಳಾದವರು ಅಂಥ ಘಟಕಗಳಲ್ಲಿ ಶೇ. 42, ಉಳಿದವುಗಳಲ್ಲಿ ಶೇ. 58. ನುಂಗುವ ಶಕ್ತಿಯ ಮಾತು ನಮಗೆ ವಿಶೇಷವಾಗಿ ಸಂಬಂಧಿಸಿದ್ದು. ಕುಸಿದವರ ಬಾಯಿಗೆ ಪ್ರೀತಿಯಿಂದ ಎರೆಯುವ ಝಮ್‌ಝಮ್, ಜೇನುನೀರು ಗಂಟಲು ಸೋತಿದ್ದಾಗ ಹೊಟ್ಟೆಗಲ್ಲ, ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊದಲ ದಿನ ಬದುಕುಳಿದವರು ವಾರದ ಬಳಿಕ ನ್ಯುಮೋನಿಯಾದಿಂದ ತೀರಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಮನೆಯವರ ಆರೈಕೆಯ ಬಗ್ಗೆಯೂ ಭಾರತದಲ್ಲೇ ದೊಡ್ಡ ಪ್ರಯೋಗವೊಂದು ನಡೆದಿದೆ. 14 ಆಸ್ಪತ್ರೆಗಳ 1250 ರೋಗಿಗಳಲ್ಲಿ, ಕುಟುಂಬದವರಿಗೇ ತರಬೇತಿ ಕೊಟ್ಟು ಮನೆಯಲ್ಲಿ ವ್ಯಾಯಾಮ ಮಾಡಿಸಿದರೆ ಪ್ರಯೋಜನವಾಗುತ್ತದೆಯೇ ಎಂದು ನೋಡಲಾಯಿತು. 2017ರಲ್ಲಿ ಬಂದ ಫಲಿತಾಂಶ ನಿರಾಶಾದಾಯಕ: ಆರು ತಿಂಗಳ ನಂತರ ಎರಡೂ ಗುಂಪುಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿ ಮೃತಪಟ್ಟಿದ್ದರು ಅಥವಾ ಪರಾವಲಂಬಿಗಳಾಗಿದ್ದರು, ವ್ಯತ್ಯಾಸವಿರಲಿಲ್ಲ. ತಂದೆತಾಯಿಯ ಸೇವೆಯ ಪ್ರತಿಫಲ ಅಲ್ಲಾಹನ ಬಳಿ ಇದೆ. ಆದರೆ ಆ ಸೇವೆಯೊಂದೇ ನುರಿತ ಚಿಕಿತ್ಸಕರ ಸ್ಥಾನವನ್ನು ತುಂಬುತ್ತದೆಂದು ಭಾವಿಸುವುದಕ್ಕೆ ಈ ಫಲಿತಾಂಶ ಆಧಾರ ಕೊಡುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಫಿಸಿಯೋಥೆರಪಿಯನ್ನು ಖರ್ಚಿನ ಪಟ್ಟಿಯಿಂದ ಮೊದಲು ಅಳಿಸುವವರು ಇದನ್ನು ಯೋಚಿಸಬೇಕು.

ಇನ್ನು ಭವಿಷ್ಯ ನುಡಿಯುವ ಪ್ರಶ್ನೆಗೆ ಮರಳೋಣ. ಮಿದುಳಿನಲ್ಲಿ ರಕ್ತಸ್ರಾವವಾದವರಿಗಾಗಿ 2001ರಲ್ಲಿ ಅಮೆರಿಕದಲ್ಲಿ ಅಂಕಪದ್ಧತಿಯೊಂದು ಬಂತು. ಪ್ರಜ್ಞೆಯ ಮಟ್ಟ, ವಯಸ್ಸು, ರಕ್ತದ ಪ್ರಮಾಣ, ಅದು ಹರಡಿದ ಜಾಗ ಇವುಗಳಿಗೆ ಅಂಕ ಕೊಟ್ಟು ಕೂಡಿಸುವುದು. ಮೂಲ ಅಧ್ಯಯನದ 152 ರೋಗಿಗಳಲ್ಲಿ 5 ಅಂಕ ಪಡೆದವರೆಲ್ಲರೂ 30 ದಿನಗಳೊಳಗೆ ಮೃತಪಟ್ಟಿದ್ದರು. ಹಿಪೊಕ್ರೆಟಿಸ್ ಹೇಳಿದ 'ಪ್ರಬಲ'ಕ್ಕೆ ಕೊನೆಗೂ ಒಂದು ಸಂಖ್ಯೆ ಸಿಕ್ಕಿತೆಂದು ತೋರಬಹುದು.

ಅದೇ ವರ್ಷ ಸಿಯಾಟಲ್‌ನ ಕೈರಾ ಬೆಕರ್ ಮತ್ತು ಸಂಗಡಿಗರು ಕಸಿವಿಸಿ ಹುಟ್ಟಿಸುವ ಪ್ರಶ್ನೆಯೊಂದನ್ನೆತ್ತಿದರು. ಈ ರೋಗಿಗಳು ರೋಗದಿಂದ ಸತ್ತರೋ, ಸಾಯುತ್ತಾರೆಂದು ಹೇಳಿ ಚಿಕಿತ್ಸೆ ನಿಲ್ಲಿಸಿದ್ದರಿಂದ ಸತ್ತರೋ? ವೈದ್ಯರು ಆಸೆಯಿಲ್ಲವೆನ್ನುತ್ತಾರೆ, ಮನೆಯವರು ವೆಂಟಿಲೇಟರ್ ತೆಗೆಯಲು ಒಪ್ಪುತ್ತಾರೆ, ರೋಗಿ ಸಾಯುತ್ತಾನೆ, ಆ ಸಾವು ಪಟ್ಟಿಗೆ ಸೇರುತ್ತದೆ, ಮುಂದಿನ ರೋಗಿಗೆ ಅದೇ ಪಟ್ಟಿ ತೋರಿಸಿ ಆಸೆಯಿಲ್ಲವೆನ್ನಲಾಗುತ್ತದೆ. ತನ್ನನ್ನು ತಾನೇ ನಿಜ ಮಾಡಿಕೊಳ್ಳುವ ಭವಿಷ್ಯವಾಣಿಯದು. ಆ ಬಳಿಕ ಅಮೆರಿಕದ ಮಾರ್ಗಸೂಚಿಗಳು, ಇಂಥ ರೋಗಿಗಳಿಗೆ ಆರಂಭದಲ್ಲಿ ಪೂರ್ಣ ಚಿಕಿತ್ಸೆ ಕೊಡಬೇಕು, ಪುನಶ್ಚೇತನ ಬೇಡವೆಂಬ ಹೊಸ ತೀರ್ಮಾನವನ್ನು ಕನಿಷ್ಠ ಎರಡನೆಯ ಪೂರ್ಣ ದಿನದವರೆಗೆ ಮುಂದೂಡಬೇಕು ಎಂದವು. 2015ರಲ್ಲಿ ಅಲ್ಲಿನ ನರರೋಗ ತೀವ್ರ ನಿಗಾ ವೈದ್ಯರ ಸಂಘ, ಮಿದುಳಿಗೆ ವಿನಾಶಕಾರಿ ಪೆಟ್ಟಾದವರ ಬಗ್ಗೆ ಕೊನೆಯ ಮಾತು ಹೇಳುವ ಮುನ್ನ ಇಷ್ಟು ಕಾಲ ಕಾದು ನೋಡಬೇಕೆಂದು ಒಂದು ಅವಧಿಯನ್ನು ಶಿಫಾರಸು ಮಾಡಿತು. ಆ ಅವಧಿ 72 ಗಂಟೆಗಳು.

ಸಂಖ್ಯೆ ಹೊಂದಿಕೆಯಾದದ್ದು ಆಕಸ್ಮಿಕ. ಇಬ್ನು ಸೀನಾರವರು ಎಲ್ಲವನ್ನೂ ಮೊದಲೇ ಹೇಳಿದ್ದರೆಂದು ಹೆಮ್ಮೆಪಡಲು ಇದನ್ನು ಬಳಸುವುದು ಅವರಿಗೂ ನ್ಯಾಯವಲ್ಲ. ಅವರು ಕೇಳಿದ್ದು ಮನುಷ್ಯ ಸತ್ತಿದ್ದಾನೆಯೇ ಎಂದು, ಇವರು ಕೇಳುತ್ತಿರುವುದು ಅವನು ಚೇತರಿಸಿಕೊಳ್ಳುವನೇ ಎಂದು. ಸಮಾನವಾದುದು ಇಬ್ಬರ ಹಿಂಜರಿಕೆ. ಚಿಕಿತ್ಸೆಯಲ್ಲಿ ನಿಮಿಷಗಳ ಲೆಕ್ಕವಿಡುವ ವೈದ್ಯಶಾಸ್ತ್ರ ತೀರ್ಪಿನಲ್ಲಿ ದಿನಗಳ ಲೆಕ್ಕಕ್ಕೆ ಬರಲು ಬಹಳ ಕಾಲ ಹಿಡಿಯಿತು. ನಮ್ಮ ಮನೆಗಳಲ್ಲಿ ನಡೆಯುವುದು ಹೆಚ್ಚಾಗಿ ಇದಕ್ಕೆ ವಿರುದ್ಧ. ಆಸ್ಪತ್ರೆಗೆ ಹೊರಡಲು ಸಂಬಂಧಿಕರೆಲ್ಲ ಬರುವ ತನಕ ಕಾಯುತ್ತೇವೆ. ಐಸಿಯುವಿನ ಬಾಗಿಲಲ್ಲಿ ಎರಡನೆಯ ದಿನವೇ, ಖರ್ಚಿನ ಭಯದಲ್ಲೋ ದಣಿವಿನಲ್ಲೋ, ಮನೆಗೆ ಕರೆದೊಯ್ಯುವ ಕಾಗದಕ್ಕೆ ಸಹಿ ಹಾಕುತ್ತೇವೆ. ಹಾಗೆ ಸಹಿ ಹಾಕುವ ಮುನ್ನ ವೈದ್ಯರಲ್ಲಿ ಕೇಳಬಹುದಾದ ಪ್ರಶ್ನೆಯೊಂದಿದೆ, ಅದನ್ನು ಕೇಳುವುದು ಅವಮಾನವೂ ಅಲ್ಲ, ಅವಿಶ್ವಾಸವೂ ಅಲ್ಲ: "ಡಾಕ್ಟರೇ, ನೀವು ಹೇಳುತ್ತಿರುವುದು ಇಂದಿನ ಸ್ಥಿತಿಯನ್ನೋ, ಮೂರನೆಯ ದಿನ ನೋಡಿದ ಮೇಲೆ ಹೇಳುವುದನ್ನೋ?"