ವಿಕಲಚೇತನ ವಿದ್ಯಾರ್ಥಿಗಳು ಪದವಿ ಹಾಗೂ ಸ್ನಾತಕೋತ್ತರ ವ್ಯಾಸಂಗದಲ್ಲಿ ಯುಕ್ತ ಅನುಕೂಲಗಳನ್ನು ಪಡೆಯುವ ವಿಧಾನ

1. ಪೀಠಿಕೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ತಾಲ್ಲೂಕಿನ ಶಿವಗಂಗೆ ಹಾಗೂ ಸುತ್ತಲಿನ ಗ್ರಾಮಗಳ ವಿದ್ಯಾರ್ಥಿಗಳು ಉನ್ನತ ವ್ಯಾಸಂಗಕ್ಕಾಗಿ ನೆಲಮಂಗಲ, ತುಮಕೂರು ಅಥವಾ ಬೆಂಗಳೂರಿಗೆ ತೆರಳುತ್ತಾರೆ. ಇವರಲ್ಲಿ ವಿಕಲಚೇತನರಾದ ವಿದ್ಯಾರ್ಥಿಗಳು ಎರಡು ಬೇರೆ ಬೇರೆ ಕಡೆಗಳಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಪೂರೈಸಬೇಕಾಗುತ್ತದೆ. ಅಂಗವೈಕಲ್ಯ ಪ್ರಮಾಣಪತ್ರವನ್ನು ವಾಸಸ್ಥಳದ ಜಿಲ್ಲೆಯಲ್ಲಿ ಪಡೆಯಬೇಕು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ನೆಲಮಹಡಿಯಲ್ಲಿ ತರಗತಿ ಮುಂತಾದ ಅನುಕೂಲಗಳನ್ನು ವ್ಯಾಸಂಗ ಮಾಡುವ ಕಾಲೇಜು ಮತ್ತು ವಿಶ್ವವಿದ್ಯಾಲಯದಿಂದ ಪಡೆಯಬೇಕು.

ಪ್ರಮಾಣಪತ್ರವು ಅಂಗವೈಕಲ್ಯವಿದೆ ಎಂಬುದಕ್ಕೆ ದಾಖಲೆ ಮಾತ್ರ. ಅದು ಕೈಗೆ ಬಂದ ಮಾತ್ರಕ್ಕೆ ಅನುಕೂಲವು ತಾನಾಗಿ ದೊರೆಯುವುದಿಲ್ಲ. ಪ್ರವೇಶದ ಅರ್ಜಿಯಲ್ಲಿ ಅಂಗವೈಕಲ್ಯದ ವಿವರವನ್ನು ನಮೂದಿಸಿದ್ದರೂ ಪ್ರತ್ಯೇಕ ಕೋರಿಕೆಯನ್ನು ಲಿಖಿತವಾಗಿ, ಸಕಾಲದಲ್ಲಿ ಸಲ್ಲಿಸುವುದು ಅವಶ್ಯಕ. ಈ ಪುಟದಲ್ಲಿ ಅದರ ವಿಧಾನವನ್ನು ವಿವರಿಸಲಾಗಿದೆ.

2. ಕಾನೂನಿನ ಆಧಾರ

1995ರ ಅಧಿನಿಯಮದಲ್ಲಿ 7 ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಲಾಗಿತ್ತು. ಅದರ ಸ್ಥಾನದಲ್ಲಿ ಬಂದ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016, ದಿನಾಂಕ 19-04-2017ರಿಂದ ಜಾರಿಯಲ್ಲಿದ್ದು, 21 ಬಗೆಯ ಅಂಗವೈಕಲ್ಯಗಳನ್ನು ಒಳಗೊಂಡಿದೆ. ನಿರ್ದಿಷ್ಟ ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಸ್ವಲೀನತೆ, ಪಾರ್ಕಿನ್‌ಸನ್ ಕಾಯಿಲೆ, ಹಿಮೋಫಿಲಿಯಾ, ಥಲಸ್ಸೇಮಿಯಾ ಹಾಗೂ ಆ್ಯಸಿಡ್ ದಾಳಿಯಿಂದಾದ ಅಂಗವೈಕಲ್ಯಗಳು ಸಹ ಇದರಲ್ಲಿ ಸೇರಿವೆ.

ಅಧಿನಿಯಮದ 16ನೇ ಪ್ರಕರಣದಂತೆ ಸರ್ಕಾರದಿಂದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ವಿದ್ಯಾರ್ಥಿಯ ವೈಯಕ್ತಿಕ ಅಗತ್ಯಕ್ಕೆ ತಕ್ಕಂತೆ ಯುಕ್ತ ಅನುಕೂಲವನ್ನು ಕಲ್ಪಿಸಬೇಕು. ಮಾನ್ಯತೆ ಪಡೆದ ಖಾಸಗಿ ಕಾಲೇಜುಗಳು ಇದರಿಂದ ಹೊರತಾಗಿಲ್ಲ. 17ನೇ ಪ್ರಕರಣದಲ್ಲಿ ಪರೀಕ್ಷೆಯ ಹೆಚ್ಚುವರಿ ಸಮಯ, ಲಿಪಿಕಾರರ ನೆರವು ಹಾಗೂ ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿಯನ್ನು ಹೆಸರಿಸಲಾಗಿದೆ. ಸಂಸ್ಥೆಯ ಮೇಲೆ ವಿಪರೀತ ಹೊರೆಯಾಗದಂತೆ ಮಾಡಬಹುದಾದ ಅವಶ್ಯಕ ಮಾರ್ಪಾಡುಗಳಿಗೆ ಯುಕ್ತ ಅನುಕೂಲವೆಂದು ಹೆಸರು. ಅಂತಹ ಅನುಕೂಲವನ್ನು ನಿರಾಕರಿಸುವುದು 2ನೇ ಪ್ರಕರಣದ ವ್ಯಾಖ್ಯೆಯಂತೆ ತಾರತಮ್ಯವೆನಿಸುತ್ತದೆ.

3. ಶೇಕಡಾ 40ರ ಮಿತಿ ಯಾವುದಕ್ಕೆ ಅನ್ವಯಿಸುತ್ತದೆ

ಅಂಗವೈಕಲ್ಯದ ಪ್ರಮಾಣವು ಶೇ. 40ಕ್ಕಿಂತ ಕಡಿಮೆಯಿದ್ದಲ್ಲಿ ಯಾವ ಸೌಲಭ್ಯವೂ ಇಲ್ಲವೆಂದು ಭಾವಿಸಿ ಹಲವರು ಅರ್ಜಿಯನ್ನೇ ಸಲ್ಲಿಸುವುದಿಲ್ಲ. ಇದು ಸರಿಯಲ್ಲ.

ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣವನ್ನು ಮಾನದಂಡಾತ್ಮಕ ಅಂಗವೈಕಲ್ಯವೆಂದು ಕರೆಯಲಾಗುತ್ತದೆ. ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟುಗಳ ಮೀಸಲಾತಿ ಮತ್ತು ಪ್ರವೇಶದ ಗರಿಷ್ಠ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆಯನ್ನು ಪಡೆಯಲು 32ನೇ ಪ್ರಕರಣದಂತೆ ಈ ಪ್ರಮಾಣವು ಇರಲೇಬೇಕು. ಯುಕ್ತ ಅನುಕೂಲಕ್ಕೆ ಅಧಿನಿಯಮವು ಇಂತಹ ಮಿತಿಯನ್ನು ವಿಧಿಸಿಲ್ಲ. ಅಲ್ಲಿ ಪರಿಶೀಲಿಸಬೇಕಾದುದು ವಿದ್ಯಾರ್ಥಿಯ ಅಗತ್ಯವನ್ನು.

ಈ ಅಂಶವು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಸ್ಪಷ್ಟಗೊಂಡಿದೆ. ಬರೆಯುವಾಗ ಕೈ ಸೆಳೆತಕ್ಕೆ ಒಳಗಾಗುವ ನ್ಯೂನತೆಯಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಪಿಕಾರರ ನೆರವನ್ನು ನಿರಾಕರಿಸಲಾಗಿತ್ತು. ದಿನಾಂಕ 11-02-2021ರ ತೀರ್ಪಿನಲ್ಲಿ ನ್ಯಾಯಾಲಯವು, ಮಾನದಂಡಾತ್ಮಕ ಅಂಗವೈಕಲ್ಯ ಇಲ್ಲವೆಂಬ ಕಾರಣಕ್ಕೆ ಲಿಪಿಕಾರರನ್ನು ನಿರಾಕರಿಸುವಂತಿಲ್ಲವೆಂದು ತಿಳಿಸಿತು. ಇದರ ಫಲವಾಗಿ ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವು ದಿನಾಂಕ 10-08-2022ರಂದು, ಶೇ. 40ಕ್ಕಿಂತ ಕಡಿಮೆ ಅಂಗವೈಕಲ್ಯವಿದ್ದು ಬರೆಯಲು ತೊಂದರೆಯಿರುವ ಅಭ್ಯರ್ಥಿಗಳಿಗಾಗಿ ಪ್ರತ್ಯೇಕ ಮಾರ್ಗಸೂಚಿಯನ್ನು ಹೊರಡಿಸಿತು. ಉದಾಹರಣೆಗೆ, ಬಲಗೈ ಬೆರಳುಗಳ ನ್ಯೂನತೆಗೆ ಶೇ. 25ರ ಪ್ರಮಾಣಪತ್ರ ಪಡೆದ ವಿದ್ಯಾರ್ಥಿಗೆ ಮೀಸಲು ಸೀಟು ದೊರೆಯದಿರಬಹುದು. ಆದರೆ ಬರೆಯಲು ತೊಂದರೆಯಿದೆ ಎಂದು ಸರ್ಕಾರಿ ವೈದ್ಯಕೀಯ ಪ್ರಾಧಿಕಾರವು ದೃಢೀಕರಿಸಿದಲ್ಲಿ ಹೆಚ್ಚುವರಿ ಸಮಯವನ್ನು ಕೋರಬಹುದು.

4. ಪ್ರಮಾಣಪತ್ರ ಮತ್ತು ವಿಶಿಷ್ಟ ಗುರುತಿನ ಚೀಟಿ

(ಅ) ಯು.ಡಿ.ಐ.ಡಿ. ಎಂದು ಕರೆಯಲಾಗುವ ವಿಶಿಷ್ಟ ಗುರುತಿನ ಚೀಟಿ ಹಾಗೂ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಆಧಾರ್, ವಿಳಾಸದ ದಾಖಲೆ, ಇತ್ತೀಚಿನ ಭಾವಚಿತ್ರ ಮತ್ತು ಲಭ್ಯವಿರುವ ಚಿಕಿತ್ಸಾ ದಾಖಲೆಗಳನ್ನು ಸಿದ್ಧವಿಟ್ಟುಕೊಳ್ಳಬೇಕು.

(ಆ) ವಾಸಸ್ಥಳದ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರ ಅಥವಾ ಈಗಾಗಲೇ ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಪ್ರಾಧಿಕಾರದಿಂದ ತಪಾಸಣೆಯನ್ನು ಪಡೆಯಬಹುದು.

(ಇ) 2024ರಲ್ಲಿ ತಿದ್ದುಪಡಿಯಾದ ನಿಯಮಗಳಂತೆ ಪ್ರಮಾಣಪತ್ರ ನೀಡಿಕೆಗೆ ಮೂರು ತಿಂಗಳ ಕಾಲಾವಕಾಶವಿದೆ. ಒಂದು ಸೆಮಿಸ್ಟರ್‌ನ ಬಹುಭಾಗ ಈ ಅವಧಿಯಲ್ಲಿಯೇ ಕಳೆಯುವುದರಿಂದ, ದ್ವಿತೀಯ ಪಿ.ಯು.ಸಿ. ವ್ಯಾಸಂಗದಲ್ಲಿರುವಾಗಲೇ ಅರ್ಜಿ ಸಲ್ಲಿಸುವುದು ಸೂಕ್ತ.

(ಈ) ಬಾಲ್ಯದಲ್ಲಿ ಪಡೆದ ಪ್ರಮಾಣಪತ್ರವು ತಾತ್ಕಾಲಿಕವೋ ಶಾಶ್ವತವೋ ಎಂಬುದನ್ನು ಕಾಲೇಜಿಗೆ ಸೇರುವ ಮುನ್ನ ಪರಿಶೀಲಿಸಿಕೊಳ್ಳತಕ್ಕದ್ದು. ಅವಧಿ ಮುಗಿದಿದ್ದಲ್ಲಿ ನವೀಕರಣಕ್ಕೆ ಅರ್ಜಿ ಸಲ್ಲಿಸಬೇಕು.

(ಉ) ಜಿಲ್ಲಾಡಳಿತ ಭವನವು ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿದ್ದು, ಶಿವಗಂಗೆಯಿಂದ ಜಿಲ್ಲೆಯ ಮತ್ತೊಂದು ತುದಿಗೆ ಪ್ರಯಾಣಿಸಬೇಕಾಗುತ್ತದೆ. ಆದ್ದರಿಂದ ಮೊದಲಿಗೆ ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತದನಂತರ ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಸಂಪರ್ಕಿಸುವುದು ಅನುಕೂಲಕರ.

5. ಕೋರಬಹುದಾದ ಅನುಕೂಲಗಳು

(ಅ) ಪರಿಹಾರಾತ್ಮಕ ಸಮಯ: ಪ್ರತಿ ಒಂದು ಗಂಟೆಯ ಪರೀಕ್ಷೆಗೆ ಕನಿಷ್ಠ 20 ನಿಮಿಷಗಳು. ಮೂರು ಗಂಟೆಯ ಪರೀಕ್ಷೆಗೆ 60 ನಿಮಿಷ, ಎರಡು ಗಂಟೆಯ ಪರೀಕ್ಷೆಗೆ 40 ನಿಮಿಷ. ಲಿಪಿಕಾರರ ನೆರವಿಗೆ ಅರ್ಹರಾಗಿದ್ದು ಅದನ್ನು ಬಳಸದೆ ತಾವೇ ಬರೆಯುವವರೂ ಇದನ್ನು ಕೋರಬಹುದು.

(ಆ) ಲಿಪಿಕಾರರು: 2018ರ ಮಾರ್ಗಸೂಚಿಯಂತೆ ಅಂಧತ್ವ, ಎರಡೂ ತೋಳುಗಳ ನ್ಯೂನತೆ ಮತ್ತು ಮೆದುಳಿನ ಪಾರ್ಶ್ವವಾಯು ಇರುವವರಿಗೆ ಅಪೇಕ್ಷೆಯ ಮೇರೆಗೆ ಲಿಪಿಕಾರರ ನೆರವನ್ನು ನೀಡಬೇಕು. ಇತರರು, ಬರೆಯಲು ದೈಹಿಕ ತೊಂದರೆಯಿದೆ ಎಂಬ ವೈದ್ಯಕೀಯ ಪ್ರಮಾಣಪತ್ರವನ್ನು ನಿಗದಿತ ನಮೂನೆಯಲ್ಲಿ ಸಲ್ಲಿಸಬೇಕು. ಲಿಪಿಕಾರರ ವಿದ್ಯಾರ್ಹತೆಯು ಪರೀಕ್ಷಾರ್ಥಿಯ ವಿದ್ಯಾರ್ಹತೆಗಿಂತ ಕಡಿಮೆಯಿರಬೇಕು. 2025ರ ಆಗಸ್ಟ್ ತಿಂಗಳಲ್ಲಿ ಹೊರಡಿಸಲಾದ ಪರಿಷ್ಕೃತ ಮಾರ್ಗಸೂಚಿಯಲ್ಲಿ ಪರೀಕ್ಷಾ ಸಂಸ್ಥೆಗಳೇ ಲಿಪಿಕಾರರ ಪಟ್ಟಿಯನ್ನು ಸಿದ್ಧಪಡಿಸಲು ಒತ್ತು ನೀಡಲಾಗಿದೆ. ಸ್ವಂತ ಲಿಪಿಕಾರರನ್ನು ಕರೆತರಲು ಇಚ್ಛಿಸುವವರು ಅದಕ್ಕೆ ಅವಕಾಶವಿದೆಯೇ ಎಂಬುದನ್ನು ಪ್ರತಿ ಸೆಮಿಸ್ಟರ್‌ನಲ್ಲಿ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಿಂದ ಮುಂಚಿತವಾಗಿ ತಿಳಿದುಕೊಳ್ಳತಕ್ಕದ್ದು.

(ಇ) ಪ್ರಶ್ನೆಪತ್ರಿಕೆ ಮತ್ತು ಉತ್ತರ ಬರೆಯುವ ಮಾಧ್ಯಮ: ದೊಡ್ಡ ಅಕ್ಷರಗಳ ಪ್ರಶ್ನೆಪತ್ರಿಕೆ, ಬ್ರೈಲ್, ಗಣಕಯಂತ್ರದ ಬಳಕೆ, ಓದಿ ಹೇಳುವವರ ನೆರವು, ಪ್ರಾಯೋಗಿಕ ಪರೀಕ್ಷೆಯಲ್ಲಿ ಪ್ರಯೋಗಾಲಯ ಸಹಾಯಕರು.

(ಈ) ಸ್ಥಳಾವಕಾಶ: ಲಿಫ್ಟ್ ಇಲ್ಲದ ಕಟ್ಟಡಗಳಲ್ಲಿ ತರಗತಿ ಮತ್ತು ಪರೀಕ್ಷಾ ಕೊಠಡಿಯನ್ನು ನೆಲಮಹಡಿಗೆ ವರ್ಗಾಯಿಸುವುದು, ಇಳಿಜಾರು ದಾರಿ, ಬಳಸಲು ಯೋಗ್ಯವಾದ ಶೌಚಾಲಯ, ಮುಂದಿನ ಸಾಲಿನ ಆಸನ. ಕೊಠಡಿಯ ಬದಲಾವಣೆಗೆ ಸಾಮಾನ್ಯವಾಗಿ ವೆಚ್ಚವೇನೂ ಇಲ್ಲ. ವೇಳಾಪಟ್ಟಿ ಸಿದ್ಧವಾಗುವ ಮೊದಲೇ ತಿಳಿಸಿದರೆ ಸಾಕಾಗುತ್ತದೆ.

(ಉ) ಭಾಷಾ ವಿಷಯಗಳು: ಶ್ರವಣದೋಷ ಅಥವಾ ಕಲಿಕಾ ನ್ಯೂನತೆಯಿರುವ ವಿದ್ಯಾರ್ಥಿಗಳು ಭಾಷಾ ವಿನಾಯಿತಿಯನ್ನು ಕೋರುವುದಾದಲ್ಲಿ ವಿಷಯಗಳ ಆಯ್ಕೆಯ ಹಂತದಲ್ಲಿಯೇ ಅರ್ಜಿ ಸಲ್ಲಿಸಬೇಕು.

6. ಕೋರಿಕೆ ಸಲ್ಲಿಸುವ ವಿಧಾನ

(ಅ) ಪ್ರವೇಶ ಪಡೆದ ಮೊದಲ ತಿಂಗಳಿನಲ್ಲಿಯೇ ಪ್ರಾಂಶುಪಾಲರಿಗೆ ಲಿಖಿತ ಮನವಿಯನ್ನು ಸಲ್ಲಿಸುವುದು ಒಳಿತು. ಮನವಿಯಲ್ಲಿ ಅಂಗವೈಕಲ್ಯದ ಸ್ವರೂಪ, ಅದರಿಂದ ವ್ಯಾಸಂಗದಲ್ಲಿ ಉಂಟಾಗುವ ನಿರ್ದಿಷ್ಟ ತೊಂದರೆ ಹಾಗೂ ಕೋರುವ ಅನುಕೂಲ ಈ ಮೂರನ್ನೂ ತಿಳಿಸಬೇಕು. "ಸಹಾಯ ಮಾಡಬೇಕೆಂದು ಕೋರುತ್ತೇನೆ" ಎಂದಷ್ಟೇ ಬರೆದ ಮನವಿಯ ಮೇಲೆ ಆದೇಶ ಹೊರಡಿಸುವುದು ಕಷ್ಟ. "ಮೂರು ಗಂಟೆಯ ಪ್ರತಿ ಪತ್ರಿಕೆಗೂ 60 ನಿಮಿಷಗಳ ಪರಿಹಾರಾತ್ಮಕ ಸಮಯ ಮತ್ತು ನೆಲಮಹಡಿಯ ಕೊಠಡಿಯನ್ನು ಒದಗಿಸಬೇಕು" ಎಂದು ಬರೆದಲ್ಲಿ ಕ್ರಮ ಕೈಗೊಳ್ಳುವುದು ಸುಲಭ.

(ಆ) ಸೆಮಿಸ್ಟರ್ ಪರೀಕ್ಷೆಗಳಿಗೆ ವಿಶ್ವವಿದ್ಯಾಲಯದ ಪರೀಕ್ಷಾಂಗ ಕುಲಸಚಿವರ ಅನುಮತಿ ಬೇಕಿದ್ದಲ್ಲಿ ಪ್ರಾಂಶುಪಾಲರ ಮೂಲಕ ಅರ್ಜಿಯನ್ನು ಕಳುಹಿಸತಕ್ಕದ್ದು. ಆಂತರಿಕ ಕಿರು ಪರೀಕ್ಷೆಗಳಿಗೂ ಅದೇ ಅನುಕೂಲ ಬೇಕೆಂಬುದನ್ನು ಮನವಿಯಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕು.

(ಇ) ಪ್ರಮಾಣಪತ್ರದ ಹಾಗೂ ಗುರುತಿನ ಚೀಟಿಯ ನಕಲು ಪ್ರತಿಗಳನ್ನು ಮಾತ್ರ ಲಗತ್ತಿಸತಕ್ಕದ್ದು. ಮೂಲ ಪ್ರತಿಗಳನ್ನು ಪರಿಶೀಲನೆಗೆ ತೋರಿಸಿ ಹಿಂದಕ್ಕೆ ಪಡೆಯಬೇಕು. ಪ್ರಮಾಣಪತ್ರವು ಇನ್ನೂ ಬಾರದಿದ್ದಲ್ಲಿ ಅರ್ಜಿಯ ನೋಂದಣಿ ಸಂಖ್ಯೆ ಮತ್ತು ಚಿಕಿತ್ಸಾ ದಾಖಲೆಗಳೊಂದಿಗೆ ಮನವಿಯನ್ನು ಸಲ್ಲಿಸಿಡುವುದು ಒಳಿತು.

(ಈ) ಮನವಿಯ ಎರಡನೇ ಪ್ರತಿಯ ಮೇಲೆ ಕಚೇರಿಯ ಮೊಹರು, ದಿನಾಂಕ ಮತ್ತು ಸಹಿಯನ್ನು ಪಡೆಯತಕ್ಕದ್ದು. ಮುಂದಿನ ಎಲ್ಲ ಕ್ರಮಗಳಿಗೆ ಈ ಸ್ವೀಕೃತಿಯೇ ಆಧಾರ.

(ಉ) ಅನುಮತಿ ಪತ್ರ ದೊರೆತ ನಂತರ ಅದರ ಪ್ರತಿಯು ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರಿಗೆ ತಲುಪಿದೆಯೇ ಎಂಬುದನ್ನು ಖಚಿತಪಡಿಸಿಕೊಂಡು, ಪರೀಕ್ಷೆಯ ದಿನ ಒಂದು ಪ್ರತಿಯನ್ನು ಜೊತೆಯಲ್ಲಿ ಕೊಂಡೊಯ್ಯಬೇಕು.

7. ವಿಳಂಬದ ಪರಿಣಾಮ

ಪರೀಕ್ಷೆ ಮುಗಿದ ನಂತರ ನಷ್ಟವಾದ ಸಮಯವನ್ನು ಮರಳಿ ಪಡೆಯುವುದು ಕಠಿಣ. ಬರವಣಿಗೆಯ ನ್ಯೂನತೆಯಿದ್ದ ಅವನಿ ಪ್ರಕಾಶ್ ಎಂಬ ವಿದ್ಯಾರ್ಥಿನಿಗೆ 2021ರ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಸಲ್ಲಬೇಕಾಗಿದ್ದ ಪರಿಹಾರಾತ್ಮಕ ಸಮಯ ದೊರೆಯಲಿಲ್ಲ. ದಿನಾಂಕ 23-11-2021ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅನ್ಯಾಯವಾಗಿರುವುದನ್ನು ಒಪ್ಪಿ, ಅದನ್ನು ಸರಿಪಡಿಸುವ ಬಗ್ಗೆ ಪರಿಶೀಲಿಸಲು ಪರೀಕ್ಷಾ ಸಂಸ್ಥೆಗೆ ಸೂಚಿಸಿತು. ಆದರೆ ಮರುಪರೀಕ್ಷೆಗೆ ಆದೇಶ ನೀಡಲಿಲ್ಲ. ಪರೀಕ್ಷೆಗೆ ಮೊದಲೇ ಲಿಖಿತ ಅನುಮತಿಯನ್ನು ಪಡೆದುಕೊಳ್ಳುವುದರ ಮಹತ್ವವು ಇದರಿಂದ ತಿಳಿದುಬರುತ್ತದೆ.

8. ಅನುಕೂಲವನ್ನು ನಿರಾಕರಿಸಿದಲ್ಲಿ

(ಅ) ನಿರಾಕರಣೆಯ ಕಾರಣವನ್ನು ಲಿಖಿತವಾಗಿ ನೀಡುವಂತೆ ಕೋರಬೇಕು. ಸಾರ್ವಜನಿಕ ಪ್ರಾಧಿಕಾರಗಳಾದ ವಿಶ್ವವಿದ್ಯಾಲಯ ಮತ್ತು ಸರ್ಕಾರಿ ಕಾಲೇಜುಗಳು ಉತ್ತರಿಸದಿದ್ದಲ್ಲಿ, ಅರ್ಜಿಯ ಮೇಲಿನ ಕ್ರಮದ ದಾಖಲೆಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೋರಬಹುದು. ಇದಕ್ಕೆ 30 ದಿನಗಳ ಕಾಲಮಿತಿಯಿದೆ.

(ಆ) ವಿಶ್ವವಿದ್ಯಾಲಯ ಅನುದಾನ ಆಯೋಗದ 2023ರ ವಿನಿಯಮಗಳಂತೆ ಪ್ರತಿ ಸಂಸ್ಥೆಯಲ್ಲಿಯೂ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಯಿರಬೇಕು. ಸಮಿತಿಯ ತೀರ್ಮಾನವು ಸಮಾಧಾನಕರವಲ್ಲದಿದ್ದಲ್ಲಿ 15 ದಿನಗಳೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿಯನ್ನು ಸಲ್ಲಿಸಬಹುದು.

(ಇ) ಅಧಿನಿಯಮದ 80ನೇ ಪ್ರಕರಣದಡಿ ಬೆಂಗಳೂರಿನಲ್ಲಿರುವ ರಾಜ್ಯ ಆಯುಕ್ತರಿಗೆ ದೂರು ನೀಡಬಹುದು. ಆಯುಕ್ತರಿಗೆ ಸಾಕ್ಷಿಗಳನ್ನು ಮತ್ತು ದಾಖಲೆಗಳನ್ನು ತರಿಸಿಕೊಳ್ಳುವ ವಿಷಯದಲ್ಲಿ ಸಿವಿಲ್ ನ್ಯಾಯಾಲಯದ ಅಧಿಕಾರವಿರುತ್ತದೆ. ಆಯುಕ್ತರ ಶಿಫಾರಸನ್ನು ಒಪ್ಪದ ಪ್ರಾಧಿಕಾರವು ಅದರ ಕಾರಣವನ್ನು ಮೂರು ತಿಂಗಳೊಳಗೆ ಆಯುಕ್ತರಿಗೂ ದೂರುದಾರರಿಗೂ ತಿಳಿಸಬೇಕು.

(ಈ) ಅಧಿನಿಯಮದ ಉಲ್ಲಂಘನೆಗೆ 89ನೇ ಪ್ರಕರಣದಡಿ ಮೊದಲ ಬಾರಿಗೆ ರೂ. 10,000ದವರೆಗೆ, ನಂತರದ ಪ್ರತಿ ಉಲ್ಲಂಘನೆಗೆ ರೂ. 50,000ದಿಂದ ರೂ. 5 ಲಕ್ಷದವರೆಗೆ ದಂಡವನ್ನು ವಿಧಿಸಲು ಅವಕಾಶವಿದೆ.

9. ಸಂಬಂಧಿಸಿದ ಇತರೆ ಸೌಲಭ್ಯಗಳು

ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ ಹಾಗೂ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ, ರಿಯಾಯಿತಿ ಬಸ್ ಪಾಸಿಗೆ ಸೇವಾ ಸಿಂಧು ಮೂಲಕ ಅರ್ಜಿ ಸಲ್ಲಿಸಬೇಕು. ಬಸ್ ಪಾಸು ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಯಲ್ಲಿ ಅನ್ವಯಿಸುವುದರಿಂದ ಶಿವಗಂಗೆಯಿಂದ ತುಮಕೂರು ಮತ್ತು ಬೆಂಗಳೂರು ಎರಡೂ ಇದರೊಳಗೆ ಬರುತ್ತವೆ. ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳು ಟಾಕಿಂಗ್ ಲ್ಯಾಪ್‌ಟಾಪ್ ಯೋಜನೆಯ ವಿವರಗಳನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಿಂದ ಪಡೆಯಬಹುದು.

10. ಸೂಚನೆ

(ಅ) ಸುಳ್ಳು ದಾಖಲೆ ನೀಡಿ ವಿಕಲಚೇತನರಿಗೆ ಮೀಸಲಾದ ಸೌಲಭ್ಯವನ್ನು ಪಡೆಯುವುದು 91ನೇ ಪ್ರಕರಣದಡಿ ಎರಡು ವರ್ಷಗಳವರೆಗಿನ ಕಾರಾವಾಸ ಅಥವಾ ರೂ. 1 ಲಕ್ಷದವರೆಗಿನ ದಂಡ ಅಥವಾ ಎರಡಕ್ಕೂ ಗುರಿಯಾಗುವ ಅಪರಾಧ.

(ಆ) ಒಂದು ಸೆಮಿಸ್ಟರ್‌ಗೆ ನೀಡಿದ ಅನುಮತಿಯು ಮುಂದಿನ ಸೆಮಿಸ್ಟರ್‌ಗಳಿಗೂ ಅನ್ವಯಿಸುತ್ತದೆಯೇ ಎಂಬುದನ್ನು ಅನುಮತಿ ಪತ್ರದಲ್ಲಿ ನೋಡಿಕೊಳ್ಳತಕ್ಕದ್ದು. ಅನ್ವಯಿಸದಿದ್ದಲ್ಲಿ ಪರೀಕ್ಷಾ ಶುಲ್ಕ ಪಾವತಿಸುವ ಸಮಯದಲ್ಲಿಯೇ ಹೊಸದಾಗಿ ಮನವಿಯನ್ನು ಸಲ್ಲಿಸಬೇಕು.

(ಇ) ಅನುಕೂಲ ಪಡೆದವರ ಉತ್ತರಪತ್ರಿಕೆಯೂ ಇತರರ ಉತ್ತರಪತ್ರಿಕೆಯಂತೆಯೇ ಮೌಲ್ಯಮಾಪನಗೊಳ್ಳುತ್ತದೆ. ಹೆಚ್ಚುವರಿ ಸಮಯವು ಹೆಚ್ಚುವರಿ ಅಂಕವಲ್ಲ. ತಿಳಿದಿರುವುದನ್ನು ಬರೆದು ಮುಗಿಸಲು ಬೇಕಾದ ಅವಕಾಶ. ಆದ್ದರಿಂದ ಅರ್ಹರು ಸಂಕೋಚಪಡದೆ ಅರ್ಜಿ ಸಲ್ಲಿಸಿ ಇದರ ಪ್ರಯೋಜನವನ್ನು ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.