ಧಾತು ಈಶ್ವರದ ಪಾಠ

ಹಳೆಯ ಮೈಸೂರು ಸೀಮೆಯಲ್ಲಿ ‘ಧಾತು ಈಶ್ವರದ ಬರ’ ಎಂಬ ಮಾತು ತಲೆಮಾರುಗಳವರೆಗೆ ಜನರ ಬಾಯಲ್ಲಿ ಉಳಿದಿತ್ತು. 1876ರಿಂದ 1878ರವರೆಗೆ ಹಬ್ಬಿದ ಆ ಕ್ಷಾಮದಲ್ಲಿ, ಸುಮಾರು 50 ಲಕ್ಷ ಜನರಿದ್ದ ಸಂಸ್ಥಾನವು ಹತ್ತು ಲಕ್ಷದಷ್ಟು ಜನರನ್ನು ಕಳೆದುಕೊಂಡಿತು. ಮಳೆ ಕೈಕೊಟ್ಟದ್ದೊಂದೇ ಇದಕ್ಕೆ ಕಾರಣವಲ್ಲ. ನೆರವನ್ನು ಯಾರಿಗೆ, ಯಾವ ಅಳತೆಯಲ್ಲಿ ಕೊಡಬೇಕೆಂಬ ವಿಚಾರದಲ್ಲಿ ಆಳುವವರು ಎಡವಿದ್ದೂ ಅದರೊಡನೆ ಸೇರಿತ್ತು.

ಈ ವಿಚಾರ ಮೇಲುನೋಟಕ್ಕೆ ಕಾಣುವಷ್ಟು ಸುಲಭದ್ದಲ್ಲ. ಸಂಬಳದಾರನ ವರಮಾನ ಕಚೇರಿಯ ಪುಸ್ತಕದಲ್ಲಿರುತ್ತದೆ. ಕೂಲಿಯಾಳಿನದು, ನೇಕಾರನದು, ಬುಟ್ಟಿ ಹೊತ್ತು ಸಂತೆಯಲ್ಲಿ ಮಾರುವವಳದು ಯಾವ ಲೆಕ್ಕದಲ್ಲಿದೆ? ಇಂದು ಉಂಡವನು ನಾಳೆ ಉಪವಾಸ ಬೀಳಬಹುದು. ಇಂಥವರೇ ತುಂಬಿದ ನಾಡಿನಲ್ಲಿ ನಿಜವಾದ ಬಡವನನ್ನು ಗುರುತಿಸುವ ಬಗೆ ಹೇಗೆ?

ಆಂಗ್ಲ ಅಧಿಕಾರಿಗಳು ಕಂಡುಕೊಂಡ ಉಪಾಯವೆಂದರೆ ದುಡಿಮೆಯ ಪರೀಕ್ಷೆ. ಕೆರೆ ತೋಡುವ, ರಸ್ತೆಗೆ ಜಲ್ಲಿ ಒಡೆಯುವ ಕೆಲಸವನ್ನು ಅಲ್ಪ ಕೂಲಿಗೆ ತೆರೆದಿಟ್ಟರೆ ಗತಿಯಿಲ್ಲದವನು ಮಾತ್ರ ಬರುತ್ತಾನೆ, ಉಳ್ಳವನು ತಾನಾಗಿಯೇ ದೂರ ಉಳಿಯುತ್ತಾನೆ. ಯೋಚನೆಯೇನೋ ಜಾಣತನದ್ದೇ, ಕೆಟ್ಟದ್ದು ಅಳತೆಯಲ್ಲಿ. 1874ರ ಬಿಹಾರದ ಬರದಲ್ಲಿ ಸರ್ ರಿಚರ್ಡ್ ಟೆಂಪಲ್ಲರು ಬರ್ಮಾದ ಅಕ್ಕಿ ತರಿಸಿ ಜನರನ್ನು ಉಳಿಸಿದ್ದರು, ಅದಕ್ಕಾಗಿ ದುಂದುಗಾರರೆಂಬ ನಿಂದೆಯನ್ನೂ ಹೊತ್ತಿದ್ದರು. 1877ರ ಆರಂಭದಲ್ಲಿ ದಕ್ಷಿಣಕ್ಕೆ ಬಂದ ಅದೇ ಟೆಂಪಲ್ಲರು ದಿನಗೂಲಿಯನ್ನು ಒಂದು ಪೌಂಡು ಧಾನ್ಯ ಮತ್ತು ಅದರ ಮೇಲೊಂದಿಷ್ಟು ಚಿಲ್ಲರೆ ಕಾಸಿಗೆ ಇಳಿಸಿದರು. ಊರಿನಿಂದ ಹತ್ತು ಮೈಲಿ ಆಚೆಯ ಶಿಬಿರಕ್ಕೆ ಹೋಗಬೇಕೆಂಬ ಷರತ್ತೂ ಸೇರಿತು. ಇಷ್ಟು ಆಹಾರದಿಂದ ದುಡಿಯುವ ದೇಹ ಉಳಿಯದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷರು ಪ್ರತಿಭಟಿಸಿದರು. ಮುಂಬಯಿ ಪ್ರಾಂತದಲ್ಲಿ ಸಾವಿರಾರು ಜನ ಕೆಲಸವನ್ನೇ ಬಿಟ್ಟು ಹೊರಟರು. ಉಳ್ಳವರನ್ನು ತಡೆಯಲೆಂದು ಬಿಗಿ ಮಾಡಿದ ಜರಡಿಯಲ್ಲಿ ಹಸಿದವರೇ ಸಿಕ್ಕಿಬಿದ್ದರು.

ಮೈಸೂರಿನಲ್ಲಿ ಕ್ಷಾಮ ಕಮಿಷನರಾಗಿದ್ದ ಚಾರ್ಲ್ಸ್ ಎಲಿಯಟ್ಟರು ಮುಂದೆ ಕ್ಷಾಮ ಆಯೋಗದ ಕಾರ್ಯದರ್ಶಿಯಾದರು. ಆಯೋಗದ 1880ರ ವರದಿಯಿಂದ ಕ್ಷಾಮದ ನಿಯಮಾವಳಿಗಳು ಹುಟ್ಟಿದವು. ದುಡಿಯಬಲ್ಲವನಿಗೆ ಜೀವ ಹಿಡಿಯುವಷ್ಟು ಕೂಲಿ, ಮುದುಕರಿಗೂ ರೋಗಿಗಳಿಗೂ ಪುಕ್ಕಟೆ ನೆರವು ಎಂದಾಯಿತು. ಜಲ್ಲಿ ಒಡೆದು ಬೆರಳು ಕೆಡಿಸಿಕೊಂಡ ನೇಕಾರ ಮಳೆ ಬಂದ ಮೇಲೂ ಮಗ್ಗಕ್ಕೆ ಮರಳಲಾರ; ಅಂಥವನಿಗೆ ಅವನ ಕಸುಬಿನಲ್ಲೇ ನೆರವು ಕೊಡುವ ವಿಚಾರವೂ ಬಂತು. ಆದರೂ ಅದು ಬರ ಸಾರಿದಾಗ ಸಿಗುವ ದಯೆಯಾಗಿತ್ತೇ ಹೊರತು ಹಕ್ಕಾಗಿರಲಿಲ್ಲ.

ಹಕ್ಕಾಗಲು ಇನ್ನೂ ಒಂದು ಶತಮಾನ ಬೇಕಾಯಿತು. 1972ರ ಭೀಕರ ಬರದಲ್ಲಿ ಬಲಗೊಂಡ ಮಹಾರಾಷ್ಟ್ರದ ಉದ್ಯೋಗ ಖಾತರಿ 1977ರಲ್ಲಿ ಕಾಯಿದೆಯಾಯಿತು. 2005ರ ಕೇಂದ್ರ ಕಾಯಿದೆಯು ಹಳ್ಳಿಯ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸವನ್ನು ಹಕ್ಕೆಂದು ಒಪ್ಪಿತು. ಕೆಲಸ 5 ಕಿಲೋಮೀಟರಿನೊಳಗೆ ಇರಬೇಕು, ದೂರ ಹೆಚ್ಚಿದರೆ ಕೂಲಿಯೂ ನೂರಕ್ಕೆ ಹತ್ತರಷ್ಟು ಹೆಚ್ಚಬೇಕು ಎಂದಿತು. ದುಡಿಮೆಯ ಪರೀಕ್ಷೆ ಉಳಿಯಿತು, ಹತ್ತು ಮೈಲಿಯ ಕ್ರೌರ್ಯ ಹೋಯಿತು.

ಆದರೆ ಈ ಹಕ್ಕು ಹಳ್ಳಿಯ ಗಡಿ ದಾಟಲಿಲ್ಲ. 2020ರ ಮಾರ್ಚಿನಲ್ಲಿ ದೇಶಕ್ಕೆ ಬೀಗ ಬಿದ್ದಾಗ, ಪಟ್ಟಣದಲ್ಲಿ ಕಟ್ಟಡ ಕಟ್ಟುತ್ತಿದ್ದ ಎಷ್ಟೋ ಕೂಲಿಕಾರರ ಪಡಿತರ ಚೀಟಿ ದೂರದ ಊರಿನಲ್ಲಿತ್ತು. ಅವರು ಹೆದ್ದಾರಿ ಹಿಡಿದು ನಡೆದರು. ಅಸಂಘಟಿತ ಕಾರ್ಮಿಕರ ರಾಷ್ಟ್ರೀಯ ನೋಂದಣಿ ಆರಂಭವಾದದ್ದು ಮರುವರ್ಷ.

ನೋಂದಣಿ ಬೇಕು, ನಿಜ. ಆದರೆ ಎಷ್ಟೇ ಎಚ್ಚರವಹಿಸಿ ಬರೆದ ಪಟ್ಟಿಯಲ್ಲಿಯೂ ಎರಡು ಬಗೆಯ ತಪ್ಪು ನುಸುಳುವುದುಂಟು. ಅನರ್ಹನೊಬ್ಬ ಒಳಸೇರಿದರೆ ಬೊಕ್ಕಸಕ್ಕೆ ಕೊಂಚ ನಷ್ಟ. ಅರ್ಹನೊಬ್ಬ ಹೊರಗುಳಿದರೆ ಒಂದು ಮನೆಯ ದೀಪವೇ ಆರೀತು. ಇವೆರಡನ್ನೂ ಒಂದೇ ತೂಕದ ತಪ್ಪುಗಳೆಂದು ಎಣಿಸಬಾರದೆಂಬುದೇ ಧಾತು ಈಶ್ವರ ನಮಗೆ ಬಿಟ್ಟುಹೋದ ಪಾಠ.