ನಲವತ್ತು ನಾಣ್ಯಗಳ ಮಂಗಳವಾರ

ಮೂವತ್ತು ವರ್ಷಕ್ಕೂ ಮಿಕ್ಕಿ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿದವಳು ನಾನು. ಹಾಗಿದ್ದವಳು ಒಂದು ದಿನ ಜೂಜುಕಟ್ಟೆಗೆ ಹೋಗಿ ಆಡಿ ಬಂದೆ ಎಂದರೆ ನನ್ನ ಹಳೆಯ ವಿದ್ಯಾರ್ಥಿನಿಯರು ನಕ್ಕುಬಿಡುತ್ತಾರೆ. ಆದರೆ ಅದು ನಿಜ. 1997ರ ಸೆಪ್ಟೆಂಬರ್ ತಿಂಗಳ ಒಂದು ಮಂಗಳವಾರ. ಸೊಸೆಯ ಬಾಣಂತನಕ್ಕೆಂದು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಎಡಿಸನ್ನಿಗೆ ಹೋಗಿದ್ದೆ. ನನಗೆ ನಿವೃತ್ತಿಯಾಗಿ ಒಂದು ವರ್ಷವಾಗಿತ್ತಷ್ಟೇ.

ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ರಸ್ತೆಯ ತುದಿಯವರೆಗೆ ಹೋಗಿ ಬರುವುದು ನನ್ನ ಸಂಜೆಯ ಕೆಲಸ. ಪಕ್ಕದ ಮನೆಯಾಕೆಯ ಪರಿಚಯವಾದದ್ದು ಹಾಗೆಯೇ. ಟೆಲಿಫೋನ್ ಕಚೇರಿಯಲ್ಲಿ ದುಡಿದು ನಿವೃತ್ತಳಾದ, ಎಪ್ಪತ್ತು ದಾಟಿದ ವಿಧವೆ. ಬೇರೆ ದಿನ ಅಂಗಳದಲ್ಲಿ ಹೂಗಿಡಕ್ಕೆ ನೀರು ಹಾಕುತ್ತಾ ಕಾಣಸಿಗುತ್ತಿದ್ದವಳು ಮಂಗಳವಾರ ಮಾತ್ರ ತುಟಿಗೆ ಬಣ್ಣ ಬಳಿದು, ಮುತ್ತಿನ ಸರ ಹಾಕಿಕೊಂಡು ಬೆಳಿಗ್ಗೆಯೇ ಹೊರಟುಬಿಡುತ್ತಿದ್ದಳು. ‘ಎಲ್ಲಿಗೆ?’ ಎಂದು ಒಮ್ಮೆ ಕೇಳಿದೆ. ‘ಅಟ್ಲಾಂಟಿಕ್ ಸಿಟಿಗೆ, ಕ್ಯಾಸಿನೊಗೆ. ನೀನೂ ಬಾ’ ಎಂದಳು.

ನನ್ನ ಎದೆ ಧಸಕ್ಕೆಂದಿತು. ಯಾಕೆಂದು ಹೇಳಬೇಕಾದರೆ ನಮ್ಮ ಮನೆಯ ಕಥೆಯನ್ನೇ ಹೇಳಬೇಕು.

ನಮ್ಮದು ಸಾಗರದ ಕಡೆ. ಅಪ್ಪಯ್ಯ ಅಡಿಕೆ ಮಂಡಿಯಲ್ಲಿ ಗುಮಾಸ್ತ. ಲೆಕ್ಕದಲ್ಲಿ ಬಲು ಚುರುಕು, ಮಾತಿನಲ್ಲಿ ಮೃದು. ಆದರೆ ಸಂಜೆಯಾದರೆ ಮಂಡಿಯ ಹಿಂದಿನ ಕೋಣೆಯಲ್ಲಿ ಇಸ್ಪೀಟು. 1949ರ ಮಳೆಗಾಲದಲ್ಲಿ ಅಮ್ಮನ ಎರಡೆಳೆಯ ಅವಲಕ್ಕಿ ಸರ ಮಾಯವಾಯಿತು. ‘ರಿಪೇರಿಗೆ ಕೊಟ್ಟಿದೆ’ ಎಂದಳು ಅಮ್ಮ. ನನಗೆ ಹನ್ನೊಂದು ವರ್ಷ, ನಂಬಿದೆ. ರಿಪೇರಿಗೆ ಹೋದ ಸರ ಅಮ್ಮ ಬದುಕಿರುವವರೆಗೂ ಮರಳಲಿಲ್ಲ. ಮದುವೆಮನೆಗಳಿಗೆ ಕರಿಮಣಿಯೊಂದನ್ನೇ ಹಾಕಿಕೊಂಡು, ಸೆರಗು ಹೊದ್ದು ಹೋಗುತ್ತಿದ್ದಳು. ನಾನು ಅಪ್ಪಯ್ಯನನ್ನು ಕ್ಷಮಿಸಲಿಲ್ಲ. ಅವರು ತೀರಿಕೊಂಡ ಮೇಲೂ ಕ್ಷಮಿಸಿರಲಿಲ್ಲ.

ಆದರೂ ಹೋದೆ. ಮಗ ‘ಹೋಗಿ ಬಾ ಅಮ್ಮ, ಸಮುದ್ರ ನೋಡಿದ ಹಾಗಾಗುತ್ತದೆ’ ಎಂದು ಇಪ್ಪತ್ತು ಡಾಲರಿನ ಒಂದು ನೋಟು ಕೈಗಿತ್ತ. ಸೊಸೆ ಚಪಾತಿ, ಉಪ್ಪಿನಕಾಯಿ, ಮೊಸರನ್ನ ಕಟ್ಟಿಕೊಟ್ಟಳು.

ಬಸ್ಸಿನ ತುಂಬ ನಮ್ಮ ವಯಸ್ಸಿನವರೇ. ನಿವೃತ್ತ ನರ್ಸು, ಹೊಲಿಗೆಯಾಕೆ, ಮಾತಿಲ್ಲದೆ ನಗುವ ಇಬ್ಬರು ಚೀನೀ ಅಜ್ಜಿಯರು, ಹೆಂಡತಿಯ ಜೊತೆ ಬಂದ ನಾಲ್ಕಾರು ಗಂಡಸರು. ಎರಡು ಗಂಟೆಯ ದಾರಿಯುದ್ದಕ್ಕೂ ಮೊಣಕಾಲು ನೋವು, ಮೊಮ್ಮಕ್ಕಳ ಫೋಟೋ, ಸೊಸೆಯರ ಸುದ್ದಿ. ಭಾಷೆಯೊಂದನ್ನು ಬಿಟ್ಟರೆ ನಮ್ಮೂರಿನಿಂದ ಧರ್ಮಸ್ಥಳಕ್ಕೆ ಹೊರಟ ಬಸ್ಸಿನಂತೆಯೇ ಇತ್ತು ಅನ್ನಿ! ಇಳಿಯುವ ಮುಂಚೆ ಎಲ್ಲರಿಗೂ ಒಂದೊಂದು ಚೀಟಿ. ಅದನ್ನು ಕೊಟ್ಟರೆ ಕಾಲು ಡಾಲರಿನ ನಲವತ್ತು ನಾಣ್ಯಗಳನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಹತ್ತು ಡಾಲರ್ ಪುಕ್ಕಟೆ. ಪುಕ್ಕಟೆ ಯಾಕೆ ಕೊಡುತ್ತಾರೆ ಎಂಬುದು ನನಗೆ ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು.

ಆ ಊರಿನ ಚರಿತ್ರೆಯೇ ಒಂದು ಸ್ವಾರಸ್ಯ. 1854ರಲ್ಲಿ ರೈಲು ಬಂದ ಮೇಲೆ, ಅದುವರೆಗೆ ಬರೀ ಮರಳು ದಿಬ್ಬಗಳಿದ್ದ ದ್ವೀಪ ಹವಾ ತಿನ್ನುವ ಊರಾಯಿತು. ಪ್ರವಾಸಿಗರ ಕಾಲಿಗಂಟಿದ ಮರಳು ಹೋಟೆಲು, ರೈಲುಡಬ್ಬಿಗಳನ್ನು ಸೇರುವುದನ್ನು ತಪ್ಪಿಸಲು 1870ರಲ್ಲಿ ಕಡಲ ಪಕ್ಕಕ್ಕೆ ಮರದ ಹಲಗೆಗಳ ಹಾದಿ ಹಾಸಿದರು. ಅದೇ ಪ್ರಸಿದ್ಧ ‘ಬೋರ್ಡ್‌ವಾಕ್’. ನಮ್ಮ ಮಕ್ಕಳು ರಜೆಯಲ್ಲಿ ಆಡುವ ‘ಬಿಸಿನೆಸ್’ ಆಟದಲ್ಲಿ ಬೊಂಬಾಯಿಯ ಬೀದಿಗಳಿರುತ್ತವಲ್ಲ, ಅದರ ಮೂಲ ‘ಮೊನೊಪಲಿ’ ಆಟದಲ್ಲಿರುವುದು ಈ ಊರಿನ ಬೀದಿಗಳು. ಆ ಆಟದ ಮೂಲರೂಪಕ್ಕೆ 1904ರಲ್ಲಿ ಹಕ್ಕುಪತ್ರ ಪಡೆದವಳು ಲಿಜ್ಜೀ ಮ್ಯಾಗಿ ಎಂಬ ಹೆಂಗಸು. ಬಾಡಿಗೆ ಸುಲಿಯುವ ಜಮೀನ್ದಾರಿಯ ಕೆಡುಕನ್ನು ತೋರಿಸಲು ಆಕೆ ಮಾಡಿದ ಆಟ, 1935ರಲ್ಲಿ ಕಂಪನಿಯ ಕೈ ಸೇರಿ, ಎಲ್ಲರನ್ನೂ ದಿವಾಳಿ ಎಬ್ಬಿಸಿ ಗೆಲ್ಲುವ ಆಟವಾಗಿ ಮನೆಮನೆ ಹೊಕ್ಕಿತು. 1921ರಿಂದ ‘ಮಿಸ್ ಅಮೆರಿಕ’ ಸೌಂದರ್ಯ ಸ್ಪರ್ಧೆ ನಡೆದದ್ದೂ ಇಲ್ಲಿಯೇ. 1968ರಲ್ಲಿ ಅದನ್ನು ವಿರೋಧಿಸಿ ಹೆಂಗಸರು ಇದೇ ಹಲಗೆಹಾದಿಯ ಮೇಲೆ ಒಂದು ಡಬ್ಬವಿಟ್ಟು ಎತ್ತರ ಹಿಮ್ಮಡಿಯ ಚಪ್ಪಲಿ, ಬಿಗಿ ಒಳ ಉಡುಪು, ನೆಲ ಒರೆಸುವ ಕೋಲು ಎಲ್ಲವನ್ನೂ ಎಸೆದರು.

ವಿಮಾನ ಬಂದು ಜನ ದೂರದ ಕಡಲುಗಳಿಗೆ ಹೋಗತೊಡಗಿದ ಮೇಲೆ ಊರು ಬಡವಾಯಿತು. 1976ರ ನವೆಂಬರಿನಲ್ಲಿ ರಾಜ್ಯದ ಮತದಾರರು ಈ ಒಂದು ಊರಿನಲ್ಲಿ ಮಾತ್ರ ಕ್ಯಾಸಿನೊಗಳಿಗೆ ಒಪ್ಪಿಗೆ ಕೊಟ್ಟರು. 1974ರಲ್ಲಿ ಬೇಡವೆಂದಿದ್ದ ಜನ ಎರಡೇ ವರ್ಷದಲ್ಲಿ ಮನಸ್ಸು ಬದಲಿಸಿದ್ದಕ್ಕೆ ಒಂದು ಕಾರಣ ಕೇಳಿ: ಜೂಜಿನ ತೆರಿಗೆಯ ಹಣ ವೃದ್ಧರಿಗೂ ಅಂಗವಿಕಲರಿಗೂ ಮೀಸಲು ಎಂಬ ಮಾತು. ಕ್ಯಾಸಿನೊಗಳ ಆದಾಯದಲ್ಲಿ ನೂರಕ್ಕೆ ಎಂಟು ಭಾಗ ಆ ನಿಧಿಗೆ. ಮೊದಲ ಕ್ಯಾಸಿನೊ ತೆರೆದದ್ದು 1978ರ ಮೇ 26ರಂದು. ‘ನಾನು ಇಲ್ಲಿ ಸೋತ ದುಡ್ಡು ನನ್ನ ಔಷಧಿಗೇ ವಾಪಸು ಬರುತ್ತದೆ’ ಎಂದು ಪಕ್ಕದ ಮನೆಯಾಕೆ ನಗುತ್ತಿದ್ದಳು. ಮುದುಕರ ಕಿಸೆಯಿಂದ ತೆಗೆದು ಮುದುಕರಿಗೇ ಕೊಡುವ ಧರ್ಮ! ನೂರರಲ್ಲಿ ಎಂಟು ಇತ್ತ ಬಂದರೆ ಉಳಿದದ್ದು ಎತ್ತ ಹೋಗುತ್ತದೆಂದು ನಾನು ಕೇಳಲಿಲ್ಲ.

ಹಲಗೆಹಾದಿಯಲ್ಲಿ ನಡೆಯುವಾಗ ಒಂದು ಕಡೆ ‘ತಾಜ್ ಮಹಲ್’ ಎಂಬ ಹಲಗೆ ಕಂಡು ಬೆಚ್ಚಿದೆ. ಬಣ್ಣಬಣ್ಣದ ಗುಮ್ಮಟಗಳು, ಮಿನಾರುಗಳು, ಬಾಗಿಲಲ್ಲಿ ಕಲ್ಲಾನೆಗಳು. 1990ರಲ್ಲಿ ಡೊನಾಲ್ಡ್ ಟ್ರಂಪ್ ತೆರೆದ ಕ್ಯಾಸಿನೊ ಅದು. ಸತ್ತ ಹೆಂಡತಿಗೆಂದು ಷಹಜಹಾನ್ ಕಟ್ಟಿಸಿದ ಗೋರಿಯ ಹೆಸರು ಜೂಜಿನ ಮನೆಗೆ! ನಾವು ಹೋದದ್ದು ಅಲ್ಲಿಗಲ್ಲ, ಬೇರೊಂದಕ್ಕೆ.

‘ಕ್ಯಾಸಿನೊ’ ಎಂದರೆ ಇಟಲಿಯ ಮಾತಿನಲ್ಲಿ ಪುಟ್ಟ ಮನೆ. ವೆನಿಸ್ ನಗರದಲ್ಲಿ 1638ರಲ್ಲೇ ಸರ್ಕಾರದ ಒಪ್ಪಿಗೆಯ ಜೂಜುಮನೆ ತೆರೆದಿತ್ತು; ಶ್ರೀಮಂತ ಮನೆತನಗಳು ಬೀದಿಪಾಲಾಗುವುದನ್ನು ಕಂಡು 1774ರಲ್ಲಿ ಅದನ್ನು ಮುಚ್ಚಿದರು. ನಾನು ಹೊಕ್ಕ ‘ಪುಟ್ಟ ಮನೆ’ಯಲ್ಲಿ ನಮ್ಮ ಸಾಗರದ ಪೇಟೆ ಬೀದಿಯನ್ನೇ ಇಡಬಹುದಿತ್ತು. ಕಿಟಕಿಯಿಲ್ಲ, ಗಡಿಯಾರವಿಲ್ಲ. ಸಾಲುಸಾಲು ಯಂತ್ರಗಳು; ಎಲ್ಲೋ ಒಂದು ಕಡೆ ತಟ್ಟೆಗೆ ನಾಣ್ಯ ಸುರಿಯುವ ಸದ್ದು. ಸೋತ ಯಂತ್ರ ಸದ್ದು ಮಾಡುವುದಿಲ್ಲ, ಗೆದ್ದದ್ದು ಮಾತ್ರ ಊರಿಗೆಲ್ಲ ಡಂಗುರ ಹೊಡೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊದ ಚಾರ್ಲ್ಸ್ ಫೇ ಮೂರು ಗಾಲಿಗಳ ‘ಲಿಬರ್ಟಿ ಬೆಲ್’ ಎಂಬ ಯಂತ್ರ ಮಾಡಿದ. ಇವೆಲ್ಲ ಅದರ ಮರಿಮಕ್ಕಳು. ಪಕ್ಕದಲ್ಲಿ ಎಳೆಯುವ ಹಿಡಿಕೆ ಇರುವುದರಿಂದ ಇದಕ್ಕೆ ‘ಒಂಟಿಗೈ ಡಕಾಯಿತ’ ಎಂಬ ಅಡ್ಡಹೆಸರೂ ಉಂಟು.

ಇನ್ನೊಂದು ಲೆಕ್ಕ ಹೇಳುತ್ತೇನೆ. ಆ ರಾಜ್ಯದ ಕಾನೂನಿನ ಪ್ರಕಾರ ಯಂತ್ರಗಳು ಹಾಕಿದ ಹಣದಲ್ಲಿ ಸರಾಸರಿ ನೂರಕ್ಕೆ 83ಕ್ಕೆ ಕಡಿಮೆಯಿಲ್ಲದಂತೆ ಮರಳಿಸಬೇಕು. ಪರವಾಗಿಲ್ಲ ಅನಿಸುತ್ತದೆ, ಅಲ್ಲವೆ? ಆದರೆ 83ರ ಲೆಕ್ಕದಲ್ಲೇ ಆಡುವ ಯಂತ್ರಕ್ಕೆ ಬಂದ 83ನ್ನೂ ಮತ್ತೆ ಹಾಕಿದರೆ ಉಳಿಯುವುದು 69. ಅದನ್ನೂ ಹಾಕಿದರೆ 57. ಕೂತಷ್ಟು ಹೊತ್ತೂ ಕರಗುತ್ತದೆ. ಎದ್ದು ಬಂದವರಿಗಷ್ಟೇ ಉಳಿತಾಯ. ಈ ಲೆಕ್ಕ ನನಗೆ ತಿಳಿದದ್ದು ಆಮೇಲೆ.

ಪಕ್ಕದ ಮನೆಯಾಕೆಯ ಕೈಚೀಲದಲ್ಲಿ ಎರಡು ಲಕೋಟೆ. ಒಂದರಲ್ಲಿ ಇಪ್ಪತ್ತು ಡಾಲರ್, ಅದು ಆಟಕ್ಕೆ. ಇನ್ನೊಂದು ಊಟಕ್ಕೆ. ‘ಇದು ನನ್ನ ಸಿನಿಮಾ ಟಿಕೇಟು. ಮುಗಿದರೆ ಸಿನಿಮಾ ಮುಗಿಯಿತು’ ಎಂದಳು. ಮೆಲ್ಲಗೆ ಒಂದೊಂದೇ ನಾಣ್ಯ ಹಾಕುತ್ತಾ, ಅಕ್ಕಪಕ್ಕದವರ ಜೊತೆ ಹರಟುತ್ತಾ ಕೂತಳು. ಅವಳಿಗೆ ಹರಟೆ ಮುಖ್ಯ, ಆಟ ನೆವ.

ನಾನು ಪುಕ್ಕಟೆ ನಾಣ್ಯಗಳನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತೆ. ನನ್ನ ದುಡ್ಡಲ್ಲವಲ್ಲ, ಇದರಲ್ಲಿ ಪಾಪವೇನು ಎಂದುಕೊಂಡೆ. ಒಂದು ಹಾಕಿದೆ. ಎರಡು, ಮೂರು. ಒಂಬತ್ತನೆಯದಕ್ಕೆ ಯಂತ್ರ ಕೂಗಿಕೊಂಡಿತು. ಗಳಗಳನೆ ಅರವತ್ತು ನಾಣ್ಯ! ಅಕ್ಕಪಕ್ಕದವರು ಚಪ್ಪಾಳೆ ತಟ್ಟಿದರು. ನನ್ನ ಕಿವಿ ಬಿಸಿಯಾಯಿತು, ಅಂಗೈ ಬೆವರಿತು. ಆಮೇಲೆ ನನಗೆ ಯಾರೂ ಕಾಣಿಸಲಿಲ್ಲ. ಅರವತ್ತೂ ಹೋಯಿತು, ಉಳಿದ ಮೂವತ್ತೊಂದೂ ಹೋಯಿತು. ಮಗ ಕೊಟ್ಟ ಇಪ್ಪತ್ತು ಡಾಲರನ್ನು ನಾನೇ ಎದ್ದುಹೋಗಿ ನಾಣ್ಯ ಮಾಡಿಸಿಕೊಂಡು ಬಂದೆ. ‘ಈಗ ಬಂದೇ ಬರುತ್ತದೆ, ಇನ್ನೊಂದು’ ಎಂದು ಒಳಗಿನಿಂದ ಯಾರೋ ಹೇಳುತ್ತಿದ್ದರು. ಹೆಗಲ ಮೇಲೆ ಕೈ ಬಿತ್ತು. ‘ಊಟದ ಹೊತ್ತು ಮೀರಿತು’ ಎಂದಳು ಆಕೆ. ಕೈಗಡಿಯಾರ ನೋಡಿದರೆ ಎರಡು ಗಂಟೆ. ಉಳಿದದ್ದು ಐದು ನಾಣ್ಯ.

ಕಡಲಿಗೆ ಮುಖ ಮಾಡಿ ಬೆಂಚಿನ ಮೇಲೆ ಕೂತೆವು. ಮೊಸರನ್ನ ಗಂಟಲಲ್ಲಿ ಇಳಿಯಲೊಲ್ಲದು. ನನಗೆ ಅಪ್ಪಯ್ಯನ ನೆನಪಾಯಿತು. ಆ ಹಿಂದಿನ ಕೋಣೆಯಲ್ಲಿ ಅವರ ಕಿವಿಯೂ ಹೀಗೇ ಬಿಸಿಯಾಗಿರಬೇಕು. ಅಷ್ಟು ಲೆಕ್ಕ ಬಲ್ಲವರು ಲೆಕ್ಕ ಮರೆತದ್ದು ಹೇಗೆ ಎಂದು ಐವತ್ತು ವರ್ಷ ಯೋಚಿಸಿದ್ದೆ. ಎರಡು ಗಂಟೆಯಲ್ಲಿ ನಾನೂ ಮರೆತಿದ್ದೆ. ಅವರಿಗೂ ಹೆಗಲ ಮೇಲೆ ಕೈಯಿಡುವವರು ಒಬ್ಬರು ಇರಬೇಕಿತ್ತು. ಆ ಕೋಣೆಯೊಳಗೆ ಅಮ್ಮ ಹೋಗುವಂತಿರಲಿಲ್ಲ.

ಪಕ್ಕದ ಮನೆಯಾಕೆಗೆ ಅವಲಕ್ಕಿ ಸರದ ಕಥೆ ಹೇಳಿದೆ. ಆಕೆ ಸುಮ್ಮನೆ ಕೇಳಿ, ಕಾಲಿನ ಬಳಿ ಬಂದ ಕಡಲಹಕ್ಕಿಗೆ ರೊಟ್ಟಿಯ ಚೂರು ಎಸೆದಳು. ‘ಮಂಗಳವಾರ ನನ್ನ ಗಂಡ ತೀರಿಕೊಂಡ ವಾರ. ಮನೆಯಲ್ಲಿ ಕೂರಲಾರೆ’ ಎಂದಳು. ಇಬ್ಬರೂ ಮತ್ತೆ ಒಳಗೆ ಹೋಗಲಿಲ್ಲ. ಬಸ್ಸಿನ ಹೊತ್ತಿನವರೆಗೆ ಹಲಗೆಹಾದಿಯಲ್ಲಿ ಅಡ್ಡಾಡಿ ಮೊಮ್ಮಗಳಿಗೊಂದು ಟೊಪ್ಪಿಗೆ ಕೊಂಡೆವು. ದುಡ್ಡು ಕೊಟ್ಟವಳು ಆಕೆ.

ವಾಪಸು ಬರುವಾಗ ಬಸ್ಸು ಮೌನವಾಗಿತ್ತು. ಬೆಳಿಗ್ಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ಒಬ್ಬಾಕೆ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಹೊಲಿಗೆಯಾಕೆ ಮಾತಾಡದೆ ಅವಳ ಮಡಿಲಲ್ಲಿ ಒಂದು ಬಾಳೆಹಣ್ಣು ಇಟ್ಟಳು. ‘ಮನೆ ಬಾಡಿಗೆಯ ದುಡ್ಡು. ಇದು ಮೂರನೆಯ ತಿಂಗಳು’ ಎಂದು ನನ್ನ ಗೆಳತಿ ಪಿಸುಗುಟ್ಟಿದಳು. ಒಂದೇ ಬಸ್ಸು, ಒಂದೇ ವಯಸ್ಸು, ಒಂದೇ ನಲವತ್ತು ನಾಣ್ಯ. ಒಬ್ಬಳಿಗೆ ಸಿನಿಮಾ ಟಿಕೇಟು, ಇನ್ನೊಬ್ಬಳಿಗೆ ಮನೆ ಬಾಡಿಗೆ.

ಜೂಜು ನಮಗೇನು ಹೊಸದಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಕೋರನೊಬ್ಬನ ಅಳಲಿನ ಸೂಕ್ತವೇ ಇದೆ. ಆಗ ತಾರೇಕಾಯಿಗಳೇ ದಾಳ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹಣದ ಹಂಗಿಲ್ಲದೆ, ಬುದ್ಧಿಯ ಸಂತೋಷಕ್ಕಾಗಿ ಹೊಸ ಹೊಸ ಗಂಜೀಫಾ ಎಲೆಯಾಟಗಳನ್ನು ಕಟ್ಟಿದರು. ಹಳೇ ಮೈಸೂರಿನ ಕಡೆ ಯುಗಾದಿಗೆ ಇಸ್ಪೀಟು ಹಾಕುವುದು ಇಂದಿಗೂ ಉಂಟು. ದ್ರೌಪದಿಯ ಪಾಠವನ್ನು ನಾನು ಎಷ್ಟು ಸಲ ಹೇಳಿಲ್ಲ! ತನ್ನನ್ನೇ ಮೊದಲು ಸೋತವನಿಗೆ ನನ್ನನ್ನು ಪಣವಿಡುವ ಹಕ್ಕು ಎಲ್ಲಿತ್ತು ಎಂದು ಆಕೆ ತುಂಬಿದ ಸಭೆಯಲ್ಲಿ ಕೇಳಿದಳು. ನನ್ನಮ್ಮ ಏನನ್ನೂ ಕೇಳಲಿಲ್ಲ. ‘ರಿಪೇರಿಗೆ ಕೊಟ್ಟಿದೆ’ ಎಂದಷ್ಟೇ ಹೇಳಿ ಗಂಡನ ಮಾನ ಕಾದಳು.

2017ರಲ್ಲಿ ಅದೇ ಮೊಮ್ಮಗಳು ಕಾರಿನಲ್ಲಿ ಕೂರಿಸಿಕೊಂಡು ಮತ್ತೆ ಅಲ್ಲಿಗೆ ಕರೆದೊಯ್ದಳು. ಗೆಳತಿ ತೀರಿಕೊಂಡು ವರ್ಷಗಳಾಗಿದ್ದವು. ನಾನು ಮೊದಲು ಹೋದಾಗ ಹನ್ನೆರಡು ಕ್ಯಾಸಿನೊಗಳಿದ್ದವು. 2014 ಒಂದೇ ವರ್ಷದಲ್ಲಿ ನಾಲ್ಕು ಮುಚ್ಚಿದ್ದವು. 2016ರಲ್ಲಿ ತಾಜ್ ಮಹಲೂ ಬಾಗಿಲು ಹಾಕಿತ್ತು. ಮರುವರ್ಷ, 2018ರಲ್ಲಿ, ಅದು ಬೇರೆ ಹೆಸರಿನಿಂದ ತೆರೆಯಿತಂತೆ. ಯಂತ್ರಗಳು ಈಗ ನಾಣ್ಯ ನುಂಗುವುದಿಲ್ಲ, ಚೀಟಿ ಉಗುಳುತ್ತವೆ. ಆ ಗಳಗಳ ಸದ್ದಿಲ್ಲ. ನ್ಯೂಜೆರ್ಸಿಯಲ್ಲಿ 2013ರಿಂದಲೇ ಮನೆಯಲ್ಲಿ ಕೂತು ಜೂಜಾಡಬಹುದು. ಬಸ್ಸೂ ಬೇಡ, ಹರಟೆಯೂ ಬೇಡ.

ನಮ್ಮಲ್ಲಿಯೂ ಹಾಗೇ ಆಯಿತು. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಾಗ ಸದ್ಯ ಅಂದುಕೊಂಡೆವು. ಆಮೇಲೆ ಇಸ್ಪೀಟು ಮೊಬೈಲಿನೊಳಗೆ ಬಂದು ಕೂತಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿದೆ. ಒಳ್ಳೆಯದೇ. ಆದರೆ ಅಪ್ಪಯ್ಯನ ಕೋಣೆಗಾದರೂ ಒಂದು ಬಾಗಿಲಿತ್ತು. ಅಂಗೈಯೊಳಗಿನ ಕೋಣೆಯಲ್ಲಿ ಯಾರು ಕೂತಿದ್ದಾರೆಂದು ಮನೆಯವರಿಗೆ ತಿಳಿಯುವುದು ಹೇಗೆ?

ಅಂದು ಉಳಿದ ಐದು ನಾಣ್ಯಗಳಲ್ಲಿ ನಾಲ್ಕನ್ನು ಮಗನಿಗೆ ಕೊಟ್ಟು, ನಡೆದದ್ದನ್ನೆಲ್ಲ ಹೇಳಿದೆ. ರಿಪೇರಿಯ ಕಥೆ ಕಟ್ಟಲಿಲ್ಲ. ಐದನೆಯದು ಅಮ್ಮನ ಕುಂಕುಮದ ಭರಣಿಯ ಪಕ್ಕದಲ್ಲಿ, ಅಪ್ಪಯ್ಯನ ಫೋಟೋದ ಕೆಳಗೆ ಇದೆ. ಆ ಫೋಟೋಕ್ಕೆ ನಾನು ಹೂ ಇಡತೊಡಗಿದ್ದು ಅಮೆರಿಕದಿಂದ ಮರಳಿ ಬಂದ ಮೇಲೆ.